ನಾನೇ ಮಾಡಿದ್ದು

ನನ್ನ ಮಗಳು ಜೀರಿಗೆಗೆ ಬಾದಾಮಿ, ಗೋಡಂಬಿ, ಪಿಸ್ತಾ ಯಾವುದೂ ಆಗುವುದಿಲ್ಲ. ಜೀರಿಗೆ ಅನ್ನುವುದು ಅಡ್ಡಹೆಸರು. ಹುಟ್ಟಿದಾಗ ಅಷ್ಟೇ ಇದ್ದಳು. ಈಗ ಆರು ವರ್ಷ, ಮಾತು ಮಾತ್ರ ಸಾಸಿವೆ ಸಿಡಿದ ಹಾಗೆ.

"ಆಗುವುದಿಲ್ಲ" ಅಂದರೆ ಜನ "ಇಷ್ಟ ಇಲ್ವಾ?" ಅನ್ನುತ್ತಾರೆ. ಇದು ಇಷ್ಟದ ಮಾತಲ್ಲ, ಅನಿಷ್ಟದ ಮಾತು. ಒಂದು ಚೂರು ಒಳಗೆ ಹೋದರೆ ತುಟಿ ಊದಿ, ಗಂಟಲು ಬಿಗಿದು, ಉಸಿರೇ ನಿಲ್ಲಬಹುದು. ಅದಕ್ಕೇ ನನ್ನ ಹೆಗಲ ಚೀಲದಲ್ಲಿ ಸದಾ ಎರಡು ಚುಚ್ಚುಮದ್ದಿನ ಪೆನ್ನುಗಳು. ಅದಕ್ಕೇ ಅವಳಿಗೆ ಮಾತು ಬಂದಾಗಿನಿಂದ ಕಲಿಸಿದ್ದು ಒಂದೇ ಪಾಠ: ಮೊದಲು ಕೇಳು, ಆಮೇಲೆ ತಿನ್ನು.

ನಾನು ಡಬ್ಬಿಂಗ್ ಕಲಾವಿದ. ಹೆಂಡತಿಯ ಲೆಕ್ಕದಲ್ಲಿ ಬರೀ ಡಬ್ಬ. ಕಾರ್ಟೂನಿನ ಕರಡಿ, ಟೂತ್‌ಪೇಸ್ಟ್ ಜಾಹೀರಾತಿನ ಹುಳುಕು ಹಲ್ಲು, ಲಿಫ್ಟಿನೊಳಗೆ "ಬಾಗಿಲು ಮುಚ್ಚುತ್ತಿದೆ" ಅನ್ನುವ ಗಂಭೀರ ದನಿ, ಎಲ್ಲ ನಾನೇ. ಯಾರ ಮನೆಗಾದರೂ ಹೋಗಿ ಬೀಜದ ವಿಚಾರ ನೆಟ್ಟಗೆ ಕೇಳಿದರೆ ಮನೆಯವರ ಮುಖ ಗಂಟಾಗುತ್ತದೆ. ಲಿಫ್ಟಿನ ದನಿಯಲ್ಲಿ "ದಯವಿಟ್ಟು ಗಮನಿಸಿ, ಈ ತಟ್ಟೆಯಲ್ಲಿ ಬೀಜಗಳಿವೆಯೇ?" ಅಂದರೆ ನಕ್ಕು ಉತ್ತರ ಕೊಡುತ್ತಾರೆ.

ಅಕ್ಕನ ಮನೆಯಲ್ಲಿ ಮಾತ್ರ ಈ ನಾಟಕ ಬೇಕಿರಲಿಲ್ಲ. ಜೀರಿಗೆಗೆ ಮೊದಲ ಸಲ ಹೀಗಾದದ್ದು ಅಕ್ಕನ ತೊಡೆಯ ಮೇಲೆಯೇ. ಮಗುವನ್ನೆತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದವಳು ಅವಳು. ಅಂದಿನಿಂದ ಅವಳ ಅಡುಗೆಮನೆಗೆ ಒಂದು ಬೀಜವೂ ಕಾಲಿಟ್ಟಿಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಇರುವೆಸಾಲಿನಂಥ ಅಕ್ಷರವನ್ನು ಕನ್ನಡಕ ಏರಿಸಿ ಓದಿಯೇ ಕೊಳ್ಳುವವಳು. ಬೇರೆಯವರ ಮನೆಯಲ್ಲಿ ಬಾಗಿಲ ಬಳಿ ಚಪ್ಪಲಿಯಷ್ಟೇ ಬಿಡುತ್ತೇನೆ, ಅಕ್ಕನ ಮನೆಯಲ್ಲಿ ಭಯವನ್ನೂ ಬಿಡುತ್ತಿದ್ದೆ.

ಅಕ್ಕ ಕೇಕ್ ಕಲಿಸುವ ತರಗತಿ ಶುರುಮಾಡುವವಳಿದ್ದಳು. ಅದಕ್ಕೆ ಸೇರುವ ಮನಸ್ಸಿದ್ದ ಹತ್ತಾರು ಹೆಂಗಸರನ್ನು ಆ ಭಾನುವಾರ ಮಧ್ಯಾಹ್ನ ಚಹಾಕ್ಕೆ ಕರೆದಿದ್ದಳು. ಹಾಲಿಗೆ ಹೊಸ ಪರದೆ, ಬಾಡಿಗೆ ಕುರ್ಚಿ, ಮೇಜಿನ ಮೇಲೆ ಮೂರು ಅಂತಸ್ತಿನ ಬಿಳಿ ಕೇಕು. ಪಕ್ಕದಲ್ಲಿ ಭಾವ ಚಾಕು ಹಿಡಿದು ನಿಂತಿದ್ದರು. ನಮ್ಮ ಭಾವನಲ್ಲಿ ಎಲ್ಲ ಇದೆ, ಮುಖದಲ್ಲಿ ಭಾವ ಒಂದಿಲ್ಲ. ನನ್ನ ಹೆಂಡತಿ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಳು.

"ಎಷ್ಟು ಮೆತ್ತಗಿದೆಯಲ್ರೀ," ಅಂದರು ಕಿವಿತುಂಬ ಲೋಲಾಕಿನ ಒಬ್ಬ ಹೆಂಗಸು, ತುಂಡನ್ನು ಚಮಚದಿಂದ ಒತ್ತಿ ನೋಡುತ್ತ. "ಏನು ಹಾಕ್ತೀರಿ?"

"ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ. ಉಳಿದದ್ದು ಕೈಗುಣ," ಅಂದಳು ಅಕ್ಕ.

ಜೀರಿಗೆ ಅಕ್ಕನ ಸೆರಗು ಜಗ್ಗಿದಳು. "ಅತ್ತೆ, ಇದರಲ್ಲಿ ಬೀಜ ಇದ್ಯಾ?"

"ಇಲ್ಲ ಚಿನ್ನ. ನಾನೇ ಮಾಡಿದ್ದು, ತಿನ್ನು."

ಅಲ್ಲೇ ಇದ್ದೆ, ಕಿವಿಯಾರೆ ಕೇಳಿದೆ. ಕೇಳಿ, ನಿಶ್ಚಿಂತೆಯಿಂದ ಹೆಂಗಸರ ಕೋರಿಕೆಯಂತೆ ಹಳೇ ಮಿಕ್ಸಿಯ ಮಿಮಿಕ್ರಿಗೆ ಇಳಿದೆ. ಮಿಕ್ಸಿ ಕೆಟ್ಟು ನಿಲ್ಲುವ ಹಂತಕ್ಕೆ ಬಂದಾಗ ಪಕ್ಕದಲ್ಲಿ ಯಾರೋ ಕೆಮ್ಮಿದರು. ಜೀರಿಗೆ. ಎಲ್ಲರೂ ಗೊಳ್ಳೆಂದು ನಕ್ಕರು.

"ನೋಡ್ರೀ, ಅಪ್ಪ ಮಿಕ್ಸಿ ಆದ್ರೆ ಮಗಳು ಗ್ರೈಂಡರ್ರು," ಅಂದರು ಲೋಲಾಕಿನವರು.

ಅವಳು ಆಟವಾಡುತ್ತಿರಲಿಲ್ಲ. ತುಟಿ ಉಜ್ಜಿಕೊಳ್ಳುತ್ತಿದ್ದಳು. "ಅಪ್ಪಾ, ನಾಲಿಗೆ ದಪ್ಪ ಆಗ್ತಿದೆ."

ಚೀಲಕ್ಕೆ ಕೈಹಾಕಿದೆ. ಪೆನ್ನು ಕೈಗೆ ಸಿಕ್ಕಿತು. "ಅಕ್ಕ, ಕೇಕಲ್ಲಿ ಏನಿದೆ, ಸರಿಯಾಗಿ ಹೇಳು."

ಅಕ್ಕ ಒಮ್ಮೆ ಕುರ್ಚಿಗಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಹೇಳಿದ್ನಲ್ಲೋ, ನಾನೇ ಮಾಡಿದ್ದು ಅಂತ. ಹೊಸ ಪರದೆಯ ಧೂಳಿರ್ಬೇಕು. ಅದಕ್ಕೆಲ್ಲ ಯಾರಾದ್ರೂ ಇಂಜೆಕ್ಷನ್ ಚುಚ್ತಾರಾ? ಸಿರಪ್ ಕೊಡು, ಹೋಗುತ್ತೆ."

ಡಾಕ್ಟರು ಸಾವಿರ ಸಲ ಹೇಳಿದ್ದಾರೆ, ಅನುಮಾನ ಬಂದರೆ ಮೊದಲು ಪೆನ್ನು, ಆಮೇಲೆ ಮಿಕ್ಕ ಮಾತು ಅಂತ. ಆದರೆ ಹೇಳುತ್ತಿದ್ದವಳು ಅಕ್ಕ. ಪೆನ್ನನ್ನು ಚೀಲಕ್ಕೆ ವಾಪಸ್ ಹಾಕಿ, ಅದರಲ್ಲೇ ಇದ್ದ ಅಲರ್ಜಿಯ ಸಿರಪ್ ಕುಡಿಸಿದೆ. ಕಿಟಕಿ ತೆರೆದೆ. ಅಕ್ಕ ಪರದೆಯನ್ನು ಪಕ್ಕಕ್ಕೆ ಸರಿಸಿ ಕಟ್ಟಿದಳು, ಧೂಳೇ ಅಪರಾಧಿ ಅನ್ನುವ ಹಾಗೆ.

ಜೀರಿಗೆ ವಾಂತಿ ಮಾಡಿದಳು. ಮತ್ತೆ "ಅಪ್ಪಾ" ಅಂದಾಗ ಅದು ಅವಳ ದನಿಯಾಗಿರಲಿಲ್ಲ. ಜಗತ್ತಿನ ದನಿಗಳನ್ನೆಲ್ಲ ಕದ್ದು ಬದುಕುವ ನನಗೆ ಮಗಳ ದನಿಯನ್ನು ಯಾರೋ ಕದ್ದದ್ದು ತಿಳಿಯದೆ ಇರುತ್ತದೆಯೇ? ನೆಲದ ಮೇಲೆ ಕೂತು, ಅವಳನ್ನು ಎದೆಗೊರಗಿಸಿಕೊಂಡು, ಮುಚ್ಚಳ ಕಿತ್ತು, ತೊಡೆಯ ಹೊರಬದಿಗೆ ಬಟ್ಟೆಯ ಮೇಲಿನಿಂದಲೇ ಪೆನ್ನು ಒತ್ತಿ ಹಿಡಿದೆ. ಭಾವ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳುತ್ತಿದ್ದರು. ಆಂಬುಲೆನ್ಸ್ ಬರುವ ಮೊದಲೇ ಎದೆಯೊಳಗೆ ತಗ್ಗಿದ್ದ ಉಸಿರಿನ ಸಿಳ್ಳೆ ಮತ್ತೆ ಜೋರಾಯಿತು. ಎರಡನೆಯ ಪೆನ್ನನ್ನೂ ಚುಚ್ಚಬೇಕಾಯಿತು.

ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಇನ್ನು ಗಂಡಾಂತರವಿಲ್ಲ, ಆದರೆ ನಾಳೆಯವರೆಗೆ ಇಲ್ಲೇ ಇರಲಿ ಅಂದರು ಡಾಕ್ಟರಮ್ಮ. "ತಿಂದದ್ದೇನು?"

"ಮನೇಲಿ ಮಾಡಿದ ಕೇಕು. ಬೀಜ ಇರಲಿಲ್ಲ," ಅಂದೆ.

"ಮನೇದಲ್ಲ," ಅಂದರು ಭಾವ, ಹವಾಮಾನ ವರದಿ ಓದುವಂತೆ. "ಬೆಳಿಗ್ಗೆ ನಾನೇ ಬೇಕರಿಯಿಂದ ತಂದೆ. ಇವಳು ಮಾಡಿದ್ದು ಮಧ್ಯಕ್ಕೆ ಕುಸಿದುಹೋಯ್ತು. ನಿನಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ."

ಅಲ್ಲೇ ಬೇಕರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯವನಿಗೆ ಹೊಗಳಿಸಿಕೊಂಡಷ್ಟು ಖುಷಿ. "ಬಿಳಿ ಕೇಕಾ ಸಾರ್? ಅರ್ಧ ಮೈದಾ, ಅರ್ಧ ಬಾದಾಮಿ ಪುಡಿ. ಅದಕ್ಕೇ ಅಷ್ಟು ಮೆತ್ತಗೆ."

ಡಾಕ್ಟರಮ್ಮ ಬರೆದುಕೊಂಡು ಹೋದರು.

ಅತಿಥಿಗಳನ್ನು ಕಳಿಸಿ ಅಕ್ಕ ಬಂದಾಗ ಕಣ್ಣು ಕೆಂಪಾಗಿತ್ತು. ಭಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಗುಟ್ಟು ರಟ್ಟಾಗಿದೆ ಅಂತ ತಿಳಿಯಿತು.

"ಅದರಲ್ಲಿ ಬಾದಾಮಿ ಇದೆ ಅಂತ ನಂಗೇನು ಗೊತ್ತೋ? ನಮ್ಮಪ್ಪನಾಣೆ ಗೊತ್ತಿರ್ಲಿಲ್ಲ."

"ಗೊತ್ತಿಲ್ಲ ಅಂತಾದ್ರೂ ಹೇಳ್ಬಹುದಿತ್ತಲ್ಲ. ಮಗು ಕೇಳಿದಾಗ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೋಗ್ಲಿ, ಅವಳು ನಾಲಿಗೆ ದಪ್ಪ ಆಗ್ತಿದೆ ಅಂದಾಗ? ಪೆನ್ನು ಕೈಯಲ್ಲಿತ್ತು ಅಕ್ಕ. ನೀನು ಧೂಳು ಅಂದೆ."

"ಅಷ್ಟು ಜನ ಇದ್ರಲ್ಲೋ," ಅಂದಳು ಮೆಲ್ಲಗೆ.

ಬರಿಗಾಲಲ್ಲಿ ಓಡಿದ್ದವಳೂ ಇವಳೇ. ಎರಡೂ ಒಂದೇ ಮುಖ ಅಂತ ಒಪ್ಪಲು ನನ್ನಿಂದಾಗಲಿಲ್ಲ. ಸಿಟ್ಟು ಬಂದಿದ್ದರೆ ಬೈದು ಮುಗಿಸುತ್ತಿದ್ದೆ. ಬಂದದ್ದು ಸಿಟ್ಟಲ್ಲ. ಮೆಟ್ಟಿಲಿದೆ ಅಂತ ಕಾಲಿಟ್ಟು, ಅಲ್ಲಿ ಮೆಟ್ಟಿಲೇ ಇಲ್ಲದಿದ್ದಾಗ ಏನಾಗುತ್ತದೋ, ಅದು.

"ಅವರೆಲ್ಲ ಈಗ ಏನಂದ್ಕೊಂಡಿದ್ದಾರೆ?" ಅಂತ ಕೇಳಿದೆ.

"ಅವಳೇ ಎಲ್ಲಿಂದಲೋ ಏನೋ ತಂದು ತಿಂದಿರ್ಬೇಕು ಅಂತ... ಮಕ್ಕಳಲ್ವಾ ಅಂದೆ."

ಹಾಸಿಗೆಯಲ್ಲಿ ಜೀರಿಗೆ ಕಣ್ಣು ಬಿಟ್ಟಿದ್ದಳು. ಮಾಸ್ಕನ್ನು ಗಲ್ಲಕ್ಕೆ ಜಾರಿಸಿ, ಒಡಕು ದನಿಯಲ್ಲಿ, "ನಾನು ಕೇಳಿದ್ದೆ ಅಲ್ವಾ ಅಪ್ಪ? ಸರಿಯಾಗಿ ಕೇಳ್ಲಿಲ್ವಾ?" ಅಂದಳು.

"ಸರಿಯಾಗೇ ಕೇಳಿದೆ, ಕಂದ." ಮಾಸ್ಕ್ ಮತ್ತೆ ಏರಿಸಿದೆ. "ಅಕ್ಕ, ಅವರಿಗೆಲ್ಲ ಫೋನ್ ಮಾಡಿ ನಿಜ ಹೇಳು. ನಾಳೆ ಅಲ್ಲ, ಈಗ."

"ಮಾಡ್ತೀನಿ ಕಣೋ. ಇಲ್ಲಿ ಸಿಗ್ನಲ್ ಇಲ್ಲ," ಅಂತ ಹೊರಗೆ ಹೋದಳು.

ವಾರ್ಡಿಗೂ ಕಾರಿಡಾರಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ಅಕ್ಕನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಹೂಂ, ಈಗ ಆರಾಮಿದ್ದಾಳೆ... ಅಯ್ಯೋ, ಅದೇ, ಚೀಲದಲ್ಲಿ ಏನೋ ಇಟ್ಕೊಂಡಿದ್ಲಂತೆ... ಇಲ್ಲ ಇಲ್ಲ, ತರಗತಿ ಮುಂದಿನ ವಾರದಿಂದ ಇದ್ದೇ ಇದೆ."

ಭಾವ ಕುರ್ಚಿಯಿಂದ ಎದ್ದರು. ಆ ಮುಖದಲ್ಲಿ ಮೊದಲ ಸಲ ಒಂದು ಭಾವ ಕಂಡೆ. ಅದು ನಾಚಿಕೆ. ನಾನು ತಲೆಯಾಡಿಸಿ ಕೂರಿಸಿದೆ. ಅವಳೇ ಬರಲಿ.

ಅಕ್ಕ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳ್ದೆ ಕಣೋ. ಎಲ್ಲ ಹೇಳ್ದೆ."

"ಏನು ಹೇಳಿದ್ರಿ ಅತ್ತೆ?" ಮಾಸ್ಕಿನೊಳಗಿಂದ ಜೀರಿಗೆ ಕೇಳಿದಳು. ಕುತೂಹಲ ಅಷ್ಟೇ, ಕೊಂಕಿಲ್ಲ.

ಅಕ್ಕ ನನ್ನತ್ತ ನೋಡಿದಳು. ನೀನೇ ಏನಾದರೂ ಹೇಳಿ ತಪ್ಪಿಸು ಅನ್ನುವ ನೋಟ. ಚಿಕ್ಕಂದಿನಿಂದ ನನಗೆ ಆ ನೋಟದ ಪರಿಚಯವಿದೆ, ಎಷ್ಟೋ ಸಲ ತಪ್ಪಿಸಿಯೂ ಇದ್ದೇನೆ.

"ಹೇಳು ಅಕ್ಕ," ಅಂದೆ. "ಅವಳು ಕೇಳ್ತಿದ್ದಾಳೆ."

ಜೀರಿಗೆ ಕಾಯುತ್ತಿದ್ದಳು. ಕೊನೆಗೆ ಅಕ್ಕ ಬಗ್ಗಿ, ಹೊದಿಕೆಯನ್ನು ಸರಿಮಾಡುತ್ತ ಅವಳ ಪಾದದ ಮೇಲೆ ಕೈಯಿಟ್ಟು, "ಮಲಕ್ಕೋ ಚಿನ್ನ" ಅಂದಳು.

ಜೀರಿಗೆ ಒಂದು ಕ್ಷಣ ಆ ಕೈಯನ್ನೇ ನೋಡಿದಳು. ಆಮೇಲೆ ಕಾಲನ್ನು ಒಳಕ್ಕೆಳೆದುಕೊಂಡಳು.