ಶೆಟ್ಟರ ಹೋಟೆಲಿನ ಕರಾಚಿ ಯುದ್ಧ

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಕರಾಚಿಗೆ ಬೆಂಕಿ ಹಚ್ಚಿದವರು ಯಾರು ಎಂದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀವು ಕೇಳಿದ್ದರೆ, ಹತ್ತರಲ್ಲಿ ಎಂಟು ಜನ ಭೋಜರಾಜ ಶೆಟ್ಟರು ಎಂದೇ ಹೇಳುತ್ತಿದ್ದರು. ಉಳಿದ ಇಬ್ಬರು ಅವರ ಹೋಟೆಲಿಗೆ ಹೋಗದವರು.

ಶೆಟ್ಟರು ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದು, ಬಂದರಿನ ಗೇಟಿನ ಹತ್ತಿರ ಕ್ಯಾಂಟೀನು ನಡೆಸಿ, ಊರಿಗೆ ಬಂದು ಹೋಟೆಲು ಹಾಕಿದವರು. ನೌಕಾಪಡೆಯ ದೊಡ್ಡ ದೊಡ್ಡವರೆಲ್ಲ ಅವರ ಕೈಯ ಚಹಾ ಕುಡಿದಿದ್ದರಂತೆ. ಚಹಾ ಮಾರಿದವನಿಗೆ ಯುದ್ಧ ಗೊತ್ತಾಗುವುದಾದರೆ, ಮದುವೆ ಮನೆಗೆ ಬಾಳೆಲೆ ಕೊಟ್ಟವನಿಗೆ ಸಂಸಾರ ಗೊತ್ತಾಗಬೇಕು. ಆದರೆ ಅವರ ಹತ್ತಿರ ಟ್ರಾನ್ಸಿಸ್ಟರ್ ಇತ್ತು, ದೊಡ್ಡ ಗಂಟಲಿತ್ತು. ನಮ್ಮ ಊರಿನಲ್ಲಿ ಪಂಡಿತನಾಗಲು ಅಷ್ಟು ಸಾಕು.

ನನ್ನ ಹೆಸರು ಮಂಜಯ್ಯ. ಪಕ್ಕದ ಕಡಲದಂಡೆಯ ಕೋಡಿಯವನು. ಹದಿನಾಲ್ಕನೇ ವಯಸ್ಸಿಗೆ ಮಚ್ವೆ ಎಂಬ ಸರಕಿನ ಹಾಯಿಹಡಗು ಹತ್ತಿದವನು, ಮೂವತ್ತಕ್ಕೆ ತಾಂಡೇಲನಾದೆ. ತಾಂಡೇಲ ಎಂದರೆ ಹಡಗು ನಡೆಸುವವ. ಚುಕ್ಕಾಣಿ ಅವನ ಕೈಯಲ್ಲಿ, ಇಪ್ಪತ್ತು ಜನರ ಜೀವವೂ ಅವನ ಕೈಯಲ್ಲಿ. ದೇಶ ಎರಡಾಗುವ ಮೊದಲು ಹಾಯಿ ಕಟ್ಟಿ, ಹಂಚು ಹೇರಿಕೊಂಡು ವರ್ಷಕ್ಕೆ ಎರಡು ಸಲ ಕರಾಚಿಗೆ ಹೋಗುತ್ತಿದ್ದೆ. ಅಲ್ಲಿನ ಬಂದರಿನ ಬಾಯಲ್ಲಿರುವ ಮನೋರಾದ ದೀಪಸ್ತಂಭ ಕಂಡ ಮೇಲೆ ಎಷ್ಟು ಹೊತ್ತಿಗೆ ಹಡಗು ಕಟ್ಟುವ ಕಿಯಾಮಾರಿ ಧಕ್ಕೆ ಸಿಗುತ್ತದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಬೆಳಿಗ್ಗೆ ಒಂಬತ್ತು ಗಂಟೆಗೆ ಸುದ್ದಿ ಮುಗಿದದ್ದೇ ಶೆಟ್ಟರ ಯುದ್ಧ ಶುರು. ನಡುವಿನ ಮೇಜಿನ ಮೇಲೆ ಸಾಂಬಾರು ಚೆಲ್ಲಿ ಸಮುದ್ರ ಮಾಡುತ್ತಿದ್ದರು. ಇಡ್ಲಿ ನಮ್ಮ ದೊಡ್ಡ ಹಡಗು, ಗೋಳಿಬಜೆ ನಮ್ಮ ಕ್ಷಿಪಣಿ ದೋಣಿ, ಉದ್ದಿನ ವಡೆ ಪಾಕಿಸ್ತಾನ. ಹಾಲಾಡಿ ಬಸ್ಸಿನ ಏಜೆಂಟ ಗುಡ್ಡ ಎನ್ನುವವನು ಮುಳುಗಿದ ವಡೆಗಳನ್ನೆಲ್ಲ ತಿನ್ನುತ್ತಿದ್ದ. ಯುದ್ಧ ಮುಗಿಯುವಷ್ಟರಲ್ಲಿ ಅವನ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ; ಒಲೆಯೂ ಅಲ್ಲೇ ಇತ್ತು.

"ಕಾಣಿ, ಇದ್ ಕರಾಚಿ," ಎಂದು ಶೆಟ್ಟರು ಚಟ್ನಿಯ ಬಟ್ಟಲು ಇಟ್ಟರು. "ಈ ಸಣ್ ಸಣ್ ದೋಣಿ ಮುಂಬಯ್ಯಿಂದ ಸೀದಾ ಓಡ್ತ್, ಎಣ್ಣಿ ಟಾಂಕಿಗೆ ಬೆಂಕಿ ಹಾಕ್ತ್, ತಿರ್ಗಿ ಬಂತ್. ಎಂತ ತಿಳ್ದ್ರಿ?"

"ಶೆಟ್ರೇ, ನೀವ್ ಬಟ್ಲ್ ಇಟ್ಟದ್ ದ್ವಾರಕಿ ಮೇಲೆ," ಎಂದೆ ನಾನು. "ಕರಾಚಿ ಇನ್ನೂ ಬಡಗಕ್ಕೆ."

"ಮಂಜಯ್ಯ, ನಿಮ್ದ್ ಹಾಯಿ ಕಾಲ. ಇದ್ ರಾಡಾರ್ ಕಾಲ."

ರಾಡಾರ್ ಬಂದ ಮೇಲೆ ಕರಾಚಿ ತೆಂಕಕ್ಕೆ ಸರಿದು ಕೂತಿದೆ ಎನ್ನುವ ಹಾಗೆ ಎಲ್ಲರೂ ನಕ್ಕರು. ಅವರ ನಗು ನನಗೆ ನಾಟಲಿಲ್ಲ. ಕಪ್ಪೆಗಳ ಬಾವಿಯಲ್ಲಿ ಸಮುದ್ರದ ಮಾತು ಆಡಿದ್ದು ನನ್ನದೇ ತಪ್ಪು.

ಆಗ ಅಡುಗೆಮನೆಯ ಹಿಂಬಾಗಿಲಿನಿಂದ ಒಂದು ಮಾತು ಬಂತು. ಹೋಟೆಲಿಗೆ ದಿನವೂ ಮೀನು ತಂದು ಹಾಕುತ್ತಿದ್ದ ಸೀತು, ಬುಟ್ಟಿ ಇಳಿಸಿ, ಸಿಂಬೆ ಕೈಯಲ್ಲಿ ಹಿಡಿದು ನಿಂತಿದ್ದಳು.

"ಅಷ್ಟ್ ಸಣ್ ದೋಣಿ ಅಷ್ಟ್ ದೂರ ಹ್ಯಾಂಗ್ ಹೋತ್ ಶೆಟ್ರೇ? ಎಣ್ಣಿ ಸಾಕಾತಿಲ್ಲೆ. ದೊಡ್ ಹಡಗ್ ಅರ್ಧ ದಾರಿ ಎಳ್ಕಂಡ್ ಹೋಯಿರ್ಕ್. ನಮ್ಮವ್ರ್ ಬಲಿದೋಣಿ ಹಿಂದೆ ಸಣ್ ದೋಣಿ ಕಟ್ಕಂಡ್ ಹೋತ್ರಲ್ದಾ, ಹಾಂಗೆ."

"ಸೀತು, ನೀನ್ ಬಂಗ್ಡಿ ಮೀನ್ ಮಾರ್. ಯುದ್ಧ ನಮ್ಗ್ ಬಿಡ್," ಎಂದರು ಶೆಟ್ಟರು. ಗುಡ್ಡ ಬಾಯಿ ತುಂಬ ಪಾಕಿಸ್ತಾನ ಇಟ್ಟುಕೊಂಡು ನಕ್ಕ.

ಎಷ್ಟೋ ಕಾಲದ ಮೇಲೆ ಪತ್ರಿಕೆಯಲ್ಲಿ ಬಂತು. ಆ ದೋಣಿಗಳನ್ನು ದೊಡ್ಡ ಹಡಗುಗಳು ಹಗ್ಗ ಕಟ್ಟಿ ಎಳೆದುಕೊಂಡೇ ಹೋಗಿದ್ದವಂತೆ. ಕತ್ತಲಲ್ಲಿ ಶತ್ರುವಿನ ವಿಮಾನ ಹುಡುಕಲಾರದು ಎಂದು ರಾತ್ರಿಯೇ ಹೊಡೆದರಂತೆ. ದಿಲ್ಲಿಯಲ್ಲಿ ತಲೆ ಇದ್ದವರು ಕೂತು ಮಾಡಿದ ಉಪಾಯ ಕೋಡಿಯ ಮೀನಿನ ಹೆಂಗಸಿಗೆ ನಿಂತ ನಿಲುವಿನಲ್ಲಿ ಹೊಳೆದಿತ್ತು. ಆ ಪತ್ರಿಕೆಯನ್ನು ಶೆಟ್ಟರು ಬಜೆ ಕಟ್ಟಿ ಕೊಡಲು ಬಳಸಿದರು.

ಸೀತುವಿಗೆ ಆ ಯುದ್ಧ ತಮಾಷೆಯಾಗಿರಲಿಲ್ಲ. ಅವಳ ಒಬ್ಬನೇ ಮಗ ಕಿಟ್ಟ ನೌಕಾಪಡೆಯ ಖುಕ್ರಿ ಎಂಬ ಹಡಗಿನಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದವನು ನಾನು. ಸೀತುವಿನ ಗಂಡ ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಮಗುಚಿ ಹೋದಾಗ ಕಿಟ್ಟನಿಗೆ ಐದು ವರ್ಷ. ಆಮೇಲೆ ಅವನು ಬೆಳೆದದ್ದು ನನ್ನ ಮನೆಯ ಜಗಲಿಯಲ್ಲಿ, ನನ್ನ ಸಮುದ್ರದ ಕತೆ ಕೇಳುತ್ತ. ನೌಕಾಪಡೆಗೆ ಸೇರು ಎಂದೆ. ಸೀತು ಬೇಡವೇ ಬೇಡ ಎಂದಳು. ಸಮುದ್ರಕ್ಕೆ ಒಬ್ಬನನ್ನು ಕೊಟ್ಟದ್ದು ಸಾಕು ಎಂದಳು. ಸರ್ಕಾರದ ಹಡಗು ಮುಳುಗುವುದಿಲ್ಲ, ನಿನ್ನ ಮಗ ಅದರ ಚುಕ್ಕಾಣಿ ಹಿಡಿಯುತ್ತಾನೆ ಎಂದು ನಾನು ಅವಳಿಗೆ ಮಾತ್ರವಲ್ಲ, ಇಡೀ ಕೋಡಿಗೆ ಹೇಳಿಕೊಂಡು ತಿರುಗಿದೆ.

ಅವಳಿಗೆ ಓದು ಬರುವುದಿಲ್ಲ. ಕಿಟ್ಟನ ಕಾಗದ ತಿಂಗಳಿಗೊಂದು ಬರುತ್ತಿತ್ತು. ಓದುವವನು ನಾನು, ಉತ್ತರ ಬರೆಯುವವನೂ ನಾನು. ಮೊದಲ ಕಾಗದದಲ್ಲೇ ಅವನು ಬರೆದಿದ್ದ: ನನ್ನನ್ನು ಕೆಳಗೆ ಎಂಜಿನ್ ಕೋಣೆಗೆ ಹಾಕಿದ್ದಾರೆ. ಸೀತು ಎದುರಿಗೆ ಕಣ್ಣರಳಿಸಿ ಕೂತಿದ್ದಳು. ನನ್ನ ನಾಲಗೆ ತಾನಾಗಿಯೇ ತಿರುಗಿತು. "ಚುಕ್ಕಾಣಿ ಹತ್ತಿರ ನಿಲ್ಲಿಸಿದ್ದಾರೆ" ಎಂದು ಓದಿದೆ. ಅವಳ ಮೇಲಿನ ಕನಿಕರಕ್ಕೆ ಹಾಗೆ ಓದಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಒಂದು ಸುಳ್ಳನ್ನು ಕಾಯಲು ಮತ್ತೊಂದು ಬೇಕು. ತಿಂಗಳಿಗೊಂದರಂತೆ ಹನ್ನೆರಡು ಕಾಗದ ಹಾಗೆಯೇ ಓದಿದೆ. ದೀಪಾವಳಿಗೆ ಅವನು ರಜೆಯಲ್ಲಿ ಬರುವವನಿದ್ದ. ಬಂದರೆ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿದ್ದೆ. ಯುದ್ಧದ ಗಾಳಿ ಬೀಸಿತು, ರಜೆ ರದ್ದಾಯಿತು, ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ.

ಕರಾಚಿ ಉರಿದು ಒಂದು ವಾರ ಆಗಿರಬಹುದು. ಆ ದಿನ ನಾನು ಹೋಟೆಲಿಗೆ ಕಾಲಿಡುವಾಗ ಶೆಟ್ಟರು ಮೇಜಿನ ಮೇಲಿಂದ ಒಂದು ಇಡ್ಲಿ ಎತ್ತುತ್ತಿದ್ದರು.

"ನಮ್ದ್ ಒಂದ್ ಹೋಯ್ತ್," ಎಂದರು. "ಗುಜರಾತಿನ್ ದೀವಿನ ಹೊರ್ಗೆ. ಅವ್ರ್ ನೀರಡಿಯಂಗೆ ಬಂದ್ ಹೊಡ್ದದ್. ಎರ್ಡ್ ನಿಮಿಷಕ್ಕೆ ತಳ ಕಂಡಿತ್ತಂಬ್ರ್. ನಾನಾರೆ ಹಡಗ್ ಈಚಿಗ್ ತಿರ್ಗ್ಸ್ತಿದ್ದೆ. ಇರ್ಲಿ. ಅವ್ರದ್ ಎಷ್ಟ್ ಹೋಯ್ತ್, ನಮ್ದ್ ಒಂದ್. ಲೆಕ್ಕಕ್ಕೇ ಇಲ್ಲೆ."

ಹೀಗೆ ಹೇಳಿ ಆ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ತಿಂದರು.

"ಹಡಗಿನ್ ಹೆಸ್ರ್ ಎಂತ?" ಎಂದು ಕೇಳಿದ್ದು ಸೀತು. ಹಿಂಬಾಗಿಲಿನಲ್ಲಿ ಇದ್ದಳು.

ಶೆಟ್ಟರು ಅಗಿಯುತ್ತಲೇ ಹೆಸರು ಹೇಳಿದರು. ಅವಳ ಮಗ ಯಾವ ಹಡಗಿನಲ್ಲಿದ್ದಾನೆ ಎಂದು ತಿಳಿದುಕೊಳ್ಳುವ ಗೋಜಿಗೆ ಆ ಮನುಷ್ಯ ಒಂದು ದಿನವೂ ಹೋಗಿರಲಿಲ್ಲ. ಇಡೀ ಅರಬ್ಬೀ ಸಮುದ್ರದ ಲೆಕ್ಕ ಇಟ್ಟವರಿಗೆ ಹಿಂಬಾಗಿಲಿನಲ್ಲಿ ನಿಂತವಳ ಲೆಕ್ಕ ಇರಲಿಲ್ಲ.

ಸೀತು ಅಡುಗೆಮನೆ ದಾಟಿ ಒಳಗೆ ಬಂದಳು. ಮೀನಿನ ಹೆಂಗಸರು ಆ ಹೋಟೆಲಿನೊಳಗೆ ಅಲ್ಲಿಯವರೆಗೆ ಬಂದದ್ದಿಲ್ಲ. ಮೇಜಿನ ಹತ್ತಿರ ನಿಂತು ಸಾಂಬಾರಿನ ಸಮುದ್ರವನ್ನು ನೋಡಿದಳು. ಅಳಲಿಲ್ಲ. ನಮ್ಮಲ್ಲಿ ದೋಣಿ ಹೋಯಿತು ಎಂದು ಕೂಗು ಬಂದರೆ ಹೆಂಗಸರು ಮೊದಲು ಅಳುವುದಿಲ್ಲ, ಮೂರು ಮಾತು ಕೇಳುತ್ತಾರೆ. ದಡ ಎಷ್ಟು ದೂರ, ಗಾಳಿ ಎತ್ತಣದ್ದು, ಮನುಷ್ಯ ದೋಣಿಯಲ್ಲಿ ಎಲ್ಲಿದ್ದ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಎಲ್ಲಿ ಹೋಗಿ ಕಾಯಬೇಕು, ಕಾಯಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಗಂಡ ಹೋದ ದಿನವೂ ಅವಳು ಇದನ್ನೇ ಕೇಳಿದ್ದಳು.

"ದಡ ಎಷ್ಟ್ ದೂರ ಶೆಟ್ರೇ?"

"ಅದ್... ಅದೆಲ್ಲ ಮಿಲಿಟ್ರಿ ಗುಟ್ಟ್ ಸೀತು."

"ಗಾಳಿ?"

ಶೆಟ್ಟರು ಟ್ರಾನ್ಸಿಸ್ಟರಿನ ಕಿವಿ ಹಿಂಡಿದರು. ಅದರಲ್ಲಿ ಯಾರೋ ಗೊಬ್ಬರದ ವಿಷಯ ಹೇಳುತ್ತಿದ್ದರು. ಒಂದು ವಾರ ನೌಕಾಪಡೆ ನಡೆಸಿದ ವೀರನ ಹಣೆಯಲ್ಲಿ ಬೆವರು ಕಂಡಿತು. ಆ ಹೊತ್ತಿನಲ್ಲೂ ನನಗೆ ಅದನ್ನು ಕಂಡು ಖುಷಿಯಾಯಿತು, ನೋಡಿ. ಇವನ ಬಣ್ಣ ಬಯಲಾಯಿತು ಅನ್ನಿಸಿತು.

ಸೀತು ನನ್ನ ಕಡೆ ತಿರುಗಿದಳು. "ಮಂಜಣ್ಣ, ನೀವ್ ಹೇಳಿ. ನೀವ್ ಆ ನೀರ್ ಕಂಡವ್ರ್."

"ದೀವಿನಿಂದ ಮೂವತ್ ನಲ್ವತ್ ಮೈಲಿ ಇರ್ಕ್," ಎಂದೆ. "ಈ ತಿಂಗ್ಳಗೆ ಬಡಗಣ ಗಾಳಿ. ದಡದಿಂದ ಹೊರ್ಗೆ ನೂಕುದ್."

ಅವಳು ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದಳು. "ಹಾಂಗಾರೆ ಈಸಿ ದಡ ಸೇರುಕಾತಿಲ್ಲೆ. ತೇಲ್ತಾ ಇದ್ರೆ ಬೇರೆ ಹಡಗ್ ಬಂದ್ ಎತ್ಕ್." ಆಮೇಲೆ ಮೂರನೆಯದು ಕೇಳಿದಳು. ಅದರ ಉತ್ತರ ಅವಳಿಗೆ ಗೊತ್ತಿತ್ತು, ಸಾಕ್ಷಿ ಮಾತ್ರ ಬೇಕಿತ್ತು. "ಅಂವ ಮೇಲಿಪ್ಪುದ್. ಚುಕ್ಕಾಣಿ ಹತ್ರ. ಅಲ್ದಾ ಮಂಜಣ್ಣ?"

ಹೋಟೆಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಶೆಟ್ಟರೂ ನೋಡಿದರು, ಗುಡ್ಡನೂ ಅಗಿಯುವುದನ್ನು ನಿಲ್ಲಿಸಿದ.

"ಹೌದ್," ಎಂದೆ.

"ಹಾಂಗಾರೆ ಹಾರಿರ್ತ," ಎಂದು ಸೀತು ಬುಟ್ಟಿ ಎತ್ತಿಕೊಂಡು ಹೋದಳು.

ಕೆಲವರನ್ನು ನೀರಿನಿಂದ ಎತ್ತಿ ಉಳಿಸಿದ್ದಾರೆ ಎಂದು ಮರುದಿನ ರೇಡಿಯೋ ಹೇಳಿತು. ಸೀತು ಅದನ್ನು ತನಗೇ ಹೇಳಿದ್ದು ಎಂದು ತಿಳಿದಳು. ಮನೆಗೆ ಸಗಣಿ ಸಾರಿಸಿದಳು. ಕಿಟ್ಟನಿಗೆ ಇಷ್ಟ ಎಂದು ಒಣಸಿಗಡಿ ಕಟ್ಟಿಟ್ಟಳು. ಉಳಿದವರನ್ನು ಮುಂಬಯಿಗೆ ತಂದರೆ ಅಲ್ಲಿಂದ ಊರಿಗೆ ಎಷ್ಟು ದಿನದ ದಾರಿ ಎಂದು ನನ್ನನ್ನು ಕೇಳಿದಳು. ನಾನು ಅದಕ್ಕೂ ಉತ್ತರ ಕೊಟ್ಟೆ. ಎಂಜಿನ್ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ. ಎರಡು ನಿಮಿಷದಲ್ಲಿ ಮುಳುಗುವ ಹಡಗಿನಲ್ಲಿ ಅಲ್ಲಿಂದ ಏಣಿ ಹತ್ತಿ ಮೇಲೆ ಬರುವುದಿಲ್ಲ. ಅದು ನನಗೆ ಮೊದಲ ಗಳಿಗೆಯಲ್ಲೇ ಗೊತ್ತಿತ್ತು. ದಿನವೂ ಹೇಳಿಬಿಡಬೇಕು ಎಂದು ಅವಳ ಮನೆಯ ತನಕ ಹೋಗಿ, ಗಾಳಿಯ ವಿಷಯ ಮಾತಾಡಿ ವಾಪಸು ಬರುತ್ತಿದ್ದೆ.

ಯುದ್ಧ ಗೆದ್ದ ದಿನ ಶೆಟ್ಟರು ಊರಿಗೆಲ್ಲ ಜಿಲೇಬಿ ಹಂಚಿದರು. ಬೆಂಚಿನ ಮೇಲೆ ಹತ್ತಿ ನಿಂತು ಭಾಷಣವನ್ನೂ ಮಾಡಿದರು. ನಮ್ಮೂರ ಕಿಟ್ಟ, ಖುಕ್ರಿಯ ಚುಕ್ಕಾಣಿ ಹಿಡಿದ ಗಂಡು, ನಾಳೆಯೋ ನಾಡಿದ್ದೋ ಬರುತ್ತಾನೆ, ಬಸ್‌ಸ್ಟ್ಯಾಂಡಿನಿಂದ ಮೆರವಣಿಗೆ ಎಂದರು. ಸೀತುವನ್ನು ಮುಂದೆ ಕರೆದು ಮಾಲೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಶೆಟ್ಟರಿಗೆ ಚುಕ್ಕಾಣಿಯ ಕತೆ ಕೊಟ್ಟವನು ಯಾರು?

ಮರುದಿನ ತಂತಿ ಬಂತು.

ಮಧ್ಯಾಹ್ನದ ಹೊತ್ತು ಸೀತು ನನ್ನ ಜಗಲಿಗೆ ಬಂದಳು. ಕಣ್ಣು ಒಣಗಿತ್ತು. ಮಡಿಲಿನಲ್ಲಿ ಕಾಗದದ ಕಟ್ಟು ಇತ್ತು. ನಾನು ಎದ್ದು ನಿಂತೆ, ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ತಂತಿ ಓದಿದ್ ಪೋಸ್ಟ್‌ಮಾಸ್ಟ್ರ್. ಕಿಟ್ಟ ಎಂಜಿನ್ ಕೆಲ್ಸದವ ಅಂದೇಳಿ ಅದ್ರಗೆ ಇತ್ತಂಬ್ರ್. ಚುಕ್ಕಾಣಿ ಹತ್ರ ಅಲ್ದಾ ಮಾಸ್ಟ್ರೇ ಅಂದೆ. ಅಲ್ಲ ಮಾರಾಯ್ತಿ, ಅವ್ರ್ ಅಡಿಯಂಗ್ ಇಪ್ಪುದ್ ಅಂದ್ರ್."

ನಾನು ಮಣೆ ಸರಿಸಿದೆ. ಅವಳು ಕೂರಲಿಲ್ಲ.

"ಗಂಡ ಹೋದ ದಿನ ಒಬ್ರೂ ನಂಗ್ ಸುಳ್ ಹೇಳಲಿಲ್ಲೆ. ದೋಣಿ ಮುಂದಿನ್ ತುದಿ, ಅಣಿಯಂಗ್ ಇದ್ದಿದ್ದ, ಬಪ್ಪುದಿಲ್ಲೆ ಅಂದ್ರ್. ಅವತ್ತೇ ಅತ್ತೆ, ಅವತ್ತೇ ಮುಗೀತ್. ಈಗ ಆರ್ ದಿನ ಕಾದೆ ಮಂಜಣ್ಣ. ನಿಮ್ ಚುಕ್ಕಾಣಿ ನಂಬಿ ಸಿಗಡಿ ಕಟ್ಟಿಟ್ಟೆ. ಶೆಟ್ರ್ ಹಾಕ್ದ ಮಾಲಿಗೆ ಕುತ್ಗಿ ಕೊಟ್ಟೆ."

ಶೆಟ್ಟರನ್ನು ಎಷ್ಟು ಬೇಕಾದರೂ ಬಯ್ಯಬಹುದು. ಅವರು ಕಾಣದ ಸಮುದ್ರದಲ್ಲಿ ಇಡ್ಲಿ ತೇಲಿಸಿದರು, ಅಷ್ಟೆ. ನಾನು ಕಂಡ ಸಮುದ್ರದಲ್ಲಿ ಅವಳ ಮಗನನ್ನು ತೇಲಿಸಿಟ್ಟೆ. ಇಬ್ಬರಲ್ಲಿ ಯಾರ ಮೋರೆಗೆ ಉಗಿಯಬೇಕು ಎಂದು ಕೇಳಿದರೆ ನಾನು ನನ್ನ ಮೋರೆಯನ್ನೇ ಮುಂದೊಡ್ಡುತ್ತೇನೆ.

ಸೀತು ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದಳು. ಬಂದ ಕ್ರಮದಲ್ಲೇ ಜೋಡಿಸಿ ಇಟ್ಟಿದ್ದಳು. ಮೇಲಿನ ಕಾಗದ ನನ್ನ ಕೈಗೆ ಕೊಟ್ಟಳು.

"ಬರ್ದದ್ದನ್ನೇ ಓದಿ," ಎಂದಳು.

ಕನ್ನಡಕ ಹಾಕಿಕೊಂಡೆ. ಅಮ್ಮನಿಗೆ ಕಿಟ್ಟನ ನಮಸ್ಕಾರ, ನಾನು ಕ್ಷೇಮ, ನನ್ನನ್ನು ಕೆಳಗೆ ಎಂಜಿನ್ ಕೋಣೆಗೆ ಹಾಕಿದ್ದಾರೆ, ತುಂಬ ಸೆಕೆ ಎಂದು ಓದಿದೆ. ಅದರ ಕೆಳಗೆ ಎರಡು ಸಾಲು ಇತ್ತು. ಅವತ್ತು ಅದನ್ನು ಪೂರ್ತಿ ಬಿಟ್ಟು ಹಾರಿದ್ದೆ. ನನ್ನ ಸುಳ್ಳು ಹುಟ್ಟಿದ್ದು ಕನಿಕರಕ್ಕಲ್ಲ, ಆ ಎರಡು ಸಾಲು ನನಗೆ ತಾಗಿದ್ದಕ್ಕೆ. ಈಗ ಓದಿದೆ.

"ಮಂಜಮಾವನ ಹತ್ತಿರ ಹೇಳು, ಅವರು ಹೇಳಿದ ಸಮುದ್ರ ಇಲ್ಲಿ ಇಲ್ಲ. ನಾನು ಇರುವಲ್ಲಿಂದ ನೀರೇ ಕಾಣುವುದಿಲ್ಲ."

ಸೀತು ಕೈ ಚಾಚಿ ಆ ಕಾಗದ ತೆಗೆದುಕೊಂಡಳು. ಮಡಚಿ ಒಂದು ಬದಿಗೆ ಇಟ್ಟಳು. ಕಟ್ಟಿನಿಂದ ಇನ್ನೊಂದನ್ನು ಎತ್ತಿ ನನ್ನ ಮುಂದೆ ಹಿಡಿದಳು.

"ಇನ್ನ್ ಹನ್ನೊಂದ್ ಇತ್ತ್," ಎಂದಳು. "ಓದಿ."