ಕೇಣಿಯ ಕಾವಲು

ನೆಲ್ಲಿಗದ್ದೆಯ ಆಸುಪಾಸಿನಲ್ಲಿ ಕಾಡಿನ ಪರವಾಗಿ ಬಾಯಿ ಬಿಟ್ಟ ಮೊದಲ ಮುದಲಾಳಿ, ಅಂದರೆ ಅಂಗಡಿ ಸಾಹುಕಾರ, ಶಿವನಂಜಪ್ಪ. ಕಾಡಿನಲ್ಲಿ ಜೇನು ಕೀಳುತ್ತಿದ್ದ ಚಿಕ್ಕಣ್ಣ ಅವನನ್ನು ನಂಬಿದ್ದು ಅದಕ್ಕೇ.

ಅದು ತೆಂಕಣ ಸೀಮೆಯ ಜನ ಲಾರಿಗಟ್ಟಲೆ ವಯನಾಡಿಗೆ ಬಂದಿಳಿಯುತ್ತಿದ್ದ ಕಾಲ. ಬಂದವರು ಕಾಡು ಕಡಿದರು, ಕಡಿದದ್ದಕ್ಕೆ ಬೆಂಕಿ ಕೊಟ್ಟರು, ಬೂದಿ ಆರುವ ಮೊದಲೇ ಮರಗೆಣಸು ನೆಟ್ಟರು. ಚೇಕಾಡಿಯಿಂದ ಒಂದು ಹರದಾರಿ ಮೇಲಿದ್ದ ನೆಲ್ಲಿಗದ್ದೆಯಲ್ಲಿ ಅವರು ಬೈನೆ ಮರಗಳ ತೋಪಿಗೆ ಕೊಡಲಿ ಹಾಕಿದ ದಿನ ಶಿವನಂಜಪ್ಪ ಅಂಗಡಿಯಿಂದ ಎದ್ದು ಬಂದು ಒಂದು ಮರಕ್ಕೆ ಬೆನ್ನು ಕೊಟ್ಟು ನಿಂತ. ಅವನ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಎತ್ತಿನ ಮೇಲೆ ರಾಗಿ ಹೇರಿಕೊಂಡು ಬಂದು ಇಲ್ಲೇ ಬೇರೂರಿದವನು. ಮಗ ಮೆಣಸು, ಜೇನು, ಮೇಣದ ವ್ಯಾಪಾರದಲ್ಲಿ ಕಾಲೂರಿಕೊಂಡಿದ್ದ.

"ಕಾಡು ಹೋದ್ರ ಮಳೆ ಹೋಯ್ತದ," ಎಂದ ಶಿವನಂಜಪ್ಪ, ಕೊಡಲಿ ಹಿಡಿದವರಿಗೆ. "ಮಳೆ ಹೋದ್ಮೇಲ ನಿಮ್ಮ ಗೆಣಸ ಉಚ್ಚೆ ಹುಯ್ದು ಬೆಳೀತೀರಾ?"

ಅವರು ಗೊಣಗುತ್ತ ಹಿಂದೆ ಸರಿದರು. ಜೇನು ಮಾರಲು ಬಂದಿದ್ದ ಚಿಕ್ಕಣ್ಣ ಇದನ್ನು ಕಣ್ಣಾರೆ ಕಂಡು ಹಾಡಿಗೆ ಓಡಿದ. ಕಾಡಿನೊಳಗೆ ಹನ್ನೆರಡು ಗುಡಿಸಲುಗಳ ಹಾಡಿ, ಎಲ್ಲರೂ ಕಾಡುನಾಯ್ಕರು. ಹೆಂಡತಿ ಕಾಳಿ ಕೇಳಿಸಿಕೊಂಡು, "ಅಂವ ಮರಕ್ಕೆ ನಿಂತನೋ, ಮರದ ಹೆಂಡಕ್ಕೆ ನಿಂತನೋ" ಎಂದು ನಕ್ಕಳು. ಚಿಕ್ಕಣ್ಣನಿಗೆ ಆ ನಗು ಹಿಡಿಸಲಿಲ್ಲ. ಪಂಚಾಯ್ತಿಗೆ ಮೊದಲ ಸಲ ಚುನಾವಣೆ ಬಂದಾಗ ಅವನೇ ಮುಂದೆ ನಿಂತು ಹಾಡಿಯ ಓಟನ್ನೆಲ್ಲ ಶಿವನಂಜಪ್ಪನಿಗೆ ಹಾಕಿಸಿದ. ಶಿವನಂಜಪ್ಪ ಪ್ರೆಸಿಡೆಂಟಾದ.

ಮರುವರ್ಷದ ಬೇಸಿಗೆಗೆ ನೆಲ್ಲಿಗದ್ದೆ ಪೇಟೆಯ ಬಾವಿಗಳೆಲ್ಲ ತಳ ಕಂಡವು. ಗುಡ್ಡಗಳು ಬೋಳಾಗಿದ್ದವು, ನೀರು ಎಲ್ಲಿ ನಿಂತೀತು. ಒಂದು ಮಧ್ಯಾಹ್ನ ಪ್ರೆಸಿಡೆಂಟು ಕೊಡೆ ಹಿಡಿದು, ಪಂಚೆ ಎತ್ತಿ ಕಟ್ಟಿ, ತಾನೇ ಹಾಡಿಗೆ ಹತ್ತಿ ಬಂದ.

"ನಿಮ್ಮೋರ ಮುಖದಲ್ಲಿ ಬರ ಕಾಣಲ್ಲ ಚಿಕ್ಕಣ್ಣ. ನೀರೆಲ್ಲಿ ಅದ?"

ಹಾಡಿಯ ಮೇಲ್ಗಡೆ ಒಂದು ಕೇಣಿ ಇತ್ತು. ಬೈನೆ ಮರದ ಬುಡವನ್ನು ಟೊಳ್ಳು ಮಾಡಿ ಒರತೆಯ ಬಾಯಿಗೆ ಇಳಿಸಿದ ಸಣ್ಣ ಬಾವಿ. ಆಳ ಒಂದು ಮಾರೂ ಇರಲಿಲ್ಲ, ಆದರೂ ಮೊಗೆದಷ್ಟು ತುಂಬುತ್ತಿತ್ತು. ಯಾರ ಕಾಲದಲ್ಲಿ ಇಳಿಸಿದ್ದೆಂದು ಹಾಡಿಯ ಮುದುಕರಿಗೂ ಗೊತ್ತಿರಲಿಲ್ಲ. ಹೊರಗಿನವರಿಗೆ ಅದನ್ನು ತೋರಿಸುವ ಪದ್ಧತಿ ಇರಲಿಲ್ಲ. ಚಿಕ್ಕಣ್ಣ ತೋರಿಸಿದ.

ಶಿವನಂಜಪ್ಪ ಮಂಡಿಯೂರಿ ಬೊಗಸೆಯಲ್ಲಿ ಕುಡಿದ. ಕುಡಿದು ಬಾಯಿ ಒರೆಸಿಕೊಂಡ. ಆಮೇಲೆ, "ಇದು ಹನ್ನೆರಡು ಮನೆಗ ಮಾತ್ರ ಇದ್ರ ಅನ್ಯಾಯ ಕನಪ್ಪ," ಎಂದ. "ಊರಿಗ ಕೊಡು. ಊರು ನಿನ್ನ ಹೆಸರ ಹೇಳ್ತದ."

ಮುದಲಾಳಿ ಬೇಡಿ ಕೇಳುವುದನ್ನು ಚಿಕ್ಕಣ್ಣ ಅದುವರೆಗೆ ಕಂಡಿರಲಿಲ್ಲ. ಹೂಂ ಅಂದುಬಿಟ್ಟ. ಕೇಣಿಯ ಕೆಳಗೆ ಸಿಮೆಂಟಿನ ತೊಟ್ಟಿ ಎದ್ದಿತು, ಪೇಟೆಗೆ ಪೈಪು ಇಳಿಯಿತು. ಕಲ್ಲು ಒಡೆದವರು, ಪೈಪು ಹೊತ್ತವರು ಹಾಡಿಯ ಗಂಡಸರೇ.

ನೀರು ಬಿಟ್ಟ ದಿನ ಪೇಟೆಯಲ್ಲಿ ಚಪ್ಪರ ಹಾಕಿದ್ದರು. ಶಿವನಂಜಪ್ಪ ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ ಭಾಷಣ ಮಾಡಿದ. ಚಿಕ್ಕಣ್ಣನನ್ನು ಮೇಲೆ ಕರೆದು ಹೊಸ ಟವಲು ಹೊದಿಸಿದ.

"ಈ ನೀರು ಕಾಡು ಕೊಟ್ಟ ನೀರು. ಕಾಡ ನಾವು ಕಾಯದೆ ಇದ್ರ ನಾಳೆ ಇದೂ ಇರಲ್ಲ. ಕೇಣಿ ಸುತ್ತ ಒಂದು ಒಲೆ ಉರೀಬಾರ್ದು, ಒಂದು ಆಡು ಮೇಯಬಾರ್ದು, ಒಬ್ಬ ಮನುಷ್ಯನ ಹೆಜ್ಜೆ ಬೀಳಬಾರ್ದು. ಅದಕ್ಕಾಗಿ ಪಂಚಾಯ್ತಿ ತೀರ್ಮಾನ ಮಾಡ್ಯದ. ಹಾಡಿಯೋರ್ಗ ಪಾರೆಗುಡ್ಡದ ಮೇಲ ಜಾಗ ಕೊಡ್ತೀವಿ, ನಲ್ಲಿ ಕೊಡ್ತೀವಿ. ಕೇಣಿ ಕಾಯೋನು ನಮ್ಮ ಚಿಕ್ಕಣ್ಣ."

ಜನ ಚಪ್ಪಾಳೆ ತಟ್ಟಿದರು. ಟವಲು ಹೊದ್ದು ನಿಂತಿದ್ದ ಚಿಕ್ಕಣ್ಣನಿಗೆ ಮಾತು ಪೂರ್ತಿ ಅರ್ಥವಾಗುವ ಹೊತ್ತಿಗೆ ಕೆಳಗೆ ಪಾನಕ ಹಂಚುತ್ತಿದ್ದರು. ಮರುದಿನ ಅವನಿಗೆ ಖಾಕಿ ಅಂಗಿಯನ್ನೂ ಒಂದು ಸೀಟಿಯನ್ನೂ ಕೊಟ್ಟರು.

ಕಾಳಿ ಸಾಮಾನು ಕಟ್ಟಲೇ ಇಲ್ಲ. "ನಮ್ಮಜ್ಜ ಇಲ್ಲೇ ಮಲಗಿದಾನೆ. ನಾವಿದ್ದು ಕೇಣಿ ಯಾವತ್ತಾರೂ ಕೊಳೆತಿತ್ತಾ?"

"ಕೆಳಗೆ ನಲ್ಲಿ ಹಾಕಿಸ್ತಾರೆ. ಬಸ್ಸು ಹತ್ರ, ಆಸ್ಪತ್ರೆ ಹತ್ರ," ಎಂದ ಚಿಕ್ಕಣ್ಣ. "ಮುದಲಾಳಿ ಕಾಡಿಗೋಸ್ಕರ ತಾನೇ ಹೇಳ್ತಿರೋದು."

"ಕಾಡಿಂದ ನಮ್ಮನ್ನ ಕಳದ್ರೆ ಉಳಿಯೋದು ಏನು?"

ಎರಡು ದಿನ ಬಿಟ್ಟು ಪಂಚಾಯ್ತಿಯ ಆಳುಗಳು ಬಂದು ಗುಡಿಸಲುಗಳ ಹುಲ್ಲು ಕಿತ್ತರು. ಸಾಮಾನು ಕಟ್ಟಿಕೊಟ್ಟದ್ದು ಚಿಕ್ಕಣ್ಣನೇ.

ಪಾರೆಗುಡ್ಡವೆಂದರೆ ಹೆಸರಿಗೆ ತಕ್ಕಂತೆ ಬರೀ ಬಂಡೆ. ಹನ್ನೆರಡು ಮನೆಗೆ ಸಿಮೆಂಟು ಕಂಬದ ಒಂದು ನಲ್ಲಿ. ಹತ್ತು ಹನ್ನೊಂದು ದಿನ ಅದರಲ್ಲಿ ನೀರು ಬಂತು. ಪೇಟೆಗೆ ಎರಡನೆಯ ಸಾಲು ಪೈಪು ಎಳೆದ ಮೇಲೆ ತಿರುಗಿಸಿದರೆ ಗಾಳಿ ಮಾತ್ರ ಬರುತ್ತಿತ್ತು. ಹಾಡಿಯವರು ಗುಡ್ಡದ ಕೆಳಗಿನ ಗದ್ದೆತೋಡಿನಿಂದ ನೀರು ತರತೊಡಗಿದರು. ಆ ಗದ್ದೆಗಳಿಗೆ ವಲಸೆಗಾರರು ಹೊಸದಾಗಿ ಬಂದ ಯಾವುದೋ ಮದ್ದು ಹೊಡೆಯುತ್ತಿದ್ದರು. ತೋಡಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಚಿಕ್ಕಣ್ಣ ಪ್ರೆಸಿಡೆಂಟರ ಜಗಲಿಗೆ ಹೋದ. ಶಿವನಂಜಪ್ಪ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಿದ್ದ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ಜನಸೇವೆ ಅಂದ್ರ ಸರದಿ ಕನ ಚಿಕ್ಕಣ್ಣ. ಪಂಚಾಯ್ತಿ ಎಲ್ರಿಗೂ ತಾಯಿ. ಅಳೋ ಮಗೀಗ ತಾಯಿ ಮೊದ್ಲು ಹಾಲು ಕೊಡ್ತಾಳ. ಪೇಟೆ ಜನ ಅಳ್ತರ, ಅರ್ಜಿ ಬರೀತರ, ಕಲ್ಪೆಟ್ಟದ ಕಚೇರಿಗೂ ಹೋಯ್ತರ. ನಿಮ್ಮೋರು ಅಳಲ್ಲ. ಅದೇ ನಿಮ್ಮ ದೊಡ್ಡ ಗುಣ." ಎಲೆಯ ತೊಟ್ಟು ಮುರಿದು ಎಸೆದ. "ಮುಂದಿನ ಮೀಟಿಂಗಿನಲ್ಲಿ ನೋಡ್ಮ."

ಮುಂದಿನ ಮೀಟಿಂಗು ಬಂತು, ಹೋಯಿತು.

ಚಿಕ್ಕಣ್ಣನ ಮಗಳು ಸಣ್ಣಮ್ಮನಿಗೆ ಮೂರು ವರ್ಷದ ಕೂಸಿತ್ತು, ಬೊಮ್ಮಿ. ಒಂದು ಗುರುವಾರ ಅದಕ್ಕೆ ವಾಂತಿಭೇದಿ ಹತ್ತಿತು. ಶುಕ್ರವಾರ ಬೆಳಗಾಗುವ ಹೊತ್ತಿಗೆ ಕೂಸಿನ ಕಣ್ಣು ಒಳಗೆ ಇಳಿದಿದ್ದವು. ಕಾವಲಿಗೆ ಹೊರಟಿದ್ದ ಚಿಕ್ಕಣ್ಣನನ್ನು ಕಾಳಿ ತಡೆದು, "ಬರುವಾಗ ಕೇಣಿ ನೀರು ತಾ" ಎಂದಳು. ಅವನು ನೆಲ ನೋಡುತ್ತ, "ಇವತ್ತು ಬೇಡ, ಆಪೀಸಿನವರು ಬರ್ತಾರೆ" ಎಂದು ಹೋದ.

ಮಧ್ಯಾಹ್ನ ಶಿವನಂಜಪ್ಪ ಓವರ್ಸಿಯರ್ ಕೃಷ್ಣನ್ ಅವರನ್ನೂ ಜಿಲ್ಲಾ ಕಚೇರಿಯ ಇಬ್ಬರನ್ನೂ ಕರೆದುಕೊಂಡು ತೊಟ್ಟಿ ತೋರಿಸಲು ಬಂದ. ಇಂಥ ಶುದ್ಧ ನೀರು ಜಿಲ್ಲೆಯಲ್ಲೇ ಇಲ್ಲವೆಂದು ಅವರು ಹೊಗಳುತ್ತಿರುವಾಗ ಕೇಣಿಯ ಕಡೆಯಿಂದ ಜರೀಗಿಡಗಳು ಅಲುಗಿದವು. ಮಣ್ಣಿನ ಕೊಡ ಸೊಂಟಕ್ಕಿಟ್ಟು ಕಾಳಿ ಹೊರಗೆ ಬಂದಳು. ಅವರನ್ನು ಕಂಡು ನಿಂತಳು. ಓಡಲಿಲ್ಲ.

"ಯಾರಿದು?" ಎಂದ ಕೃಷ್ಣನ್.

"ನಮ್ಮ ಕಾವಲುಗಾರನ ಹೆಂಡ್ರು," ಎಂದ ಶಿವನಂಜಪ್ಪ, ಬೇಸರವೇನೂ ಇಲ್ಲದ ದನಿಯಲ್ಲಿ.

"ಮುದಲಾಳಿ, ಕೂಸು ಬೆಳಗ್ಗೆಯಿಂದ ಕಣ್ಣು ಬಿಡ್ತಿಲ್ಲ," ಎಂದಳು ಕಾಳಿ. "ಒಂದು ಕೊಡ. ತೋಡಿನ ನೀರು ಅದಕ್ಕೆ ಆಗಲ್ಲ."

"ಕಾಯ್ಲ ಅಂದ್ರ ಡಿಸ್ಪೆನ್ಸರಿ ಅದಲ್ಲವ್ವ. ಕಟ್ಸಿದ್ದು ನಾನೇ."

"ಕಂಪೌಂಡರು ಬರೋದು ಮಂಗಳವಾರ."

"ಹಂಗಾರ ಮಂಗಳವಾರ ಕರ್ಕೊಂಡು ಬಾ." ಅವನು ಬಂದವರ ಕಡೆ ತಿರುಗಿ ಮಲಯಾಳದಲ್ಲಿ ವಿವರಿಸಿದ. ಇವತ್ತು ಒಂದು ಕೊಡ ಬಿಟ್ಟರೆ ನಾಳೆ ಹತ್ತು, ನಾಳಿದ್ದು ಒಂದು ಗುಡಿಸಲು. ಕಾಡು ಹಾಳಾಗುವುದು ಕೊಡಲಿಯಿಂದಲ್ಲ, ಕನಿಕರದಿಂದ. ಆಮೇಲೆ ಮೆಲ್ಲಗೆ, "ಚಿಕ್ಕಣ್ಣ, ಒಳಗ ಬಂದೋರ ಕೊಡ ಏನು ಮಾಡ್ಬೇಕು ಅಂತ ಹೇಳಿತ್ತು?" ಎಂದು ಕೇಳಿದ.

ಚಿಕ್ಕಣ್ಣ ಕೊಡದ ಕಡೆ ನೋಡಿದ. "ಒಡೀಬೇಕು ಅಂದಿದ್ರಿ."

"ನಾನು ಅಂದದ್ದಲ್ಲ, ಪಂಚಾಯ್ತಿ ಅಂದದ್ದು."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೂಸಿನ ಮುಖ ನೆನಪಿಗೆ ಬಂತು. ಅದರ ಜೊತೆಗೇ, ಈ ದೊಡ್ಡವರ ಮುಂದೆ ಮುದಲಾಳಿಯ ಮಾತು ಬೀಳಬಾರದು ಎಂಬುದೂ ಬಂತು. ಎರಡರಲ್ಲಿ ಯಾವುದು ಕಾಲನ್ನು ಮುಂದಕ್ಕೆ ನಡೆಸಿತೆಂಬುದರ ಬಗ್ಗೆ ಮುಂದೆಂದೂ ಅವನಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ. ಅವನು ಹೋಗಿ ಹೆಂಡತಿಯ ಸೊಂಟದಿಂದ ಕೊಡ ಎತ್ತಿಕೊಂಡ. ಅವಳು ಬಿಗಿಹಿಡಿಯಲಿಲ್ಲ. ಗಂಡ ಭಾರ ಇಳಿಸಿಕೊಳ್ಳಲು ಬಂದನೆಂದು ಒಂದು ಗಳಿಗೆ ಅಂದುಕೊಂಡಳೋ ಏನೋ. ಅವನು ಅದನ್ನು ಕಲ್ಲಿನ ಮೇಲೆ ಎತ್ತಿಹಾಕಿದ.

ಶಿವನಂಜಪ್ಪ ಅವನ ಬೆನ್ನು ತಟ್ಟಿದ. ಕಚೇರಿಯವರಲ್ಲಿ ಒಬ್ಬ ಮುಖ ಆಚೆ ತಿರುಗಿಸಿಕೊಂಡ, ಇನ್ನೊಬ್ಬ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಕಾಳಿ ಕೂತು, ಕಲ್ಲಿನ ತಗ್ಗಿನಲ್ಲಿ ನಿಂತಿದ್ದ ನೀರಿಗೆ ಸೀರೆಯ ಸೆರಗು ಅದ್ದಿದಳು. ಚೆನ್ನಾಗಿ ಹೀರುವವರೆಗೆ ಕಾದಳು. ಅದನ್ನು ಮುಷ್ಟಿಯಲ್ಲಿ ಮುದ್ದೆಮಾಡಿ ಹಿಡಿದು, ಗಂಡನ ಕಡೆ ತಲೆ ಎತ್ತದೆ, ಗುಡ್ಡ ಇಳಿದು ಹೋದಳು.

ಬೊಮ್ಮಿ ಆ ಸೆರಗನ್ನು ಸ್ವಲ್ಪ ಹೊತ್ತು ಚೀಪಿತಂತೆ. ಭಾನುವಾರ ಸತ್ತಿತು.

ಹಾಡಿಯ ಹಳೆಯ ಜಾಗದಲ್ಲಿ, ಅಜ್ಜಂದಿರ ಪಕ್ಕದಲ್ಲಿ ಕೂಸನ್ನು ಹೂಳಬೇಕೆಂದು ಸಣ್ಣಮ್ಮ ಹಟ ಹಿಡಿದಳು. ಚಿಕ್ಕಣ್ಣ ಅಪ್ಪಣೆ ಕೇಳಲು ಪೇಟೆಗೆ ಓಡಿದ. ಶಿವನಂಜಪ್ಪ ನಿಜವಾಗಿಯೂ ನೊಂದುಕೊಂಡ. ಹೆಂಡತಿ ಗುರುಬಸಮ್ಮನನ್ನು ಕರೆದು ಕೂಸಿಗೆ ಹೊದಿಸಲು ಒಂದು ತುಂಡು ಬಿಳಿ ಬಟ್ಟೆ ಕೊಡಿಸಿದ. "ಆದ್ರ ಕುಡಿಯ ನೀರ ಮಗ್ಗುಲಲ್ಲಿ ಹೆಣ ಹೂಳಕಾದದಾ? ನೀನೇ ಯೋಚ್ನ ಮಾಡು," ಎಂದ. ಪಾರೆಗುಡ್ಡದಲ್ಲಿ ಮೊಳ ಅಗೆದರೆ ಬಂಡೆ. ಹಾಡಿಯವರು ಕೂಸಿನ ಮೇಲೆ ಕಲ್ಲು ಒಟ್ಟಿದರು. ಚಿಕ್ಕಣ್ಣ ತಂದ ಕಲ್ಲನ್ನು ಸಣ್ಣಮ್ಮ ಎತ್ತಿ ದೂರ ಹಾಕಿದಳು.

ತಿಂಗಳೊಳಗೆ ಹನ್ನೆರಡು ಮನೆಯವರೂ ಪೆರಿಕಲ್ಲೂರಿನ ಹೊಳೆಯ ಕಡವು ದಾಟಿ ಕರ್ನಾಟಕದ ಕಡೆ ಕೂಲಿಗೆ ಹೊರಟುಹೋದರು. ಕಾಳಿ ಹೋಗುತ್ತೇನೆಂದು ಕೂಡ ಹೇಳಲಿಲ್ಲ. ಚಿಕ್ಕಣ್ಣ ತೊಟ್ಟಿಯ ಪಕ್ಕದ ಕಾವಲು ಗುಡಿಸಿನಲ್ಲಿ ಒಬ್ಬನೇ ಉಳಿದ.

ಆ ವರ್ಷ ಶಿವನಂಜಪ್ಪ ಹೋದಲ್ಲೆಲ್ಲ ಈ ಕಥೆ ಹೇಳಿದ. "ಕಾಡು ಕಾಯೋದು ಅಂದ್ರ ಏನು ಅಂತ ಇವನ ಕೇಳಿ. ಸ್ವಂತ ಹೆಂಡ್ರ ಕೊಡ ಒಡದ." ಒಂದೆರಡು ಸಭೆಗಳಿಗೆ ಚಿಕ್ಕಣ್ಣನನ್ನೂ ಕರೆದೊಯ್ದು ನಿಲ್ಲಿಸಿದ. ಕೂಸಿನ ಮಾತು ಆ ಕಥೆಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಚಿಕ್ಕಣ್ಣ, "ಮುದಲಾಳಿ, ಬೊಮ್ಮಿದೂ ಹೇಳಿ" ಎಂದ. "ಅದ ಹೇಳಿದ್ರ ಜನಕ್ಕ ನಿನ್ನ ಮೇಲ ಬೇಜಾರಾಯ್ತದ, ಬುಡು," ಎಂದ ಶಿವನಂಜಪ್ಪ. ಚಿಕ್ಕಣ್ಣ ಬಿಟ್ಟ.

ಮಳೆಗಾಲದ ಮೊದಲು ಹಳೆಯ ಹಾಡಿಯ ಜಾಗಕ್ಕೆ ಕಾಫಿ ಸಸಿಗಳು ಬಂದವು. ಜಾಗ ಗುರುಬಸಮ್ಮನ ಹೆಸರಿಗೆ ಆಗಿತ್ತು.

"ಒಂದು ಮರಾನೂ ಕಡೀತಿಲ್ಲ ನೋಡು," ಎಂದ ಶಿವನಂಜಪ್ಪ, ನೆರಳು ತೋರಿಸಿ. "ಕಾಫಿಗ ನೆರಳು ಬೇಕು. ಬೇರು ಮಣ್ಣ ಹಿಡೀತದ, ಮಣ್ಣು ನೀರ ಹಿಡೀತದ. ಇದೂ ಕಾಡೇ."

"ಹಂಗಾದ್ರೆ ನಮ್ಮೋರು ವಾಪಸ್ ಬರಬಹುದಾ?"

"ಕಾಫಿ ಕೊಯ್ಲಿಗ ಬರಲಿ. ಬೆಳಿಗ್ಗ ಬಂದು ಸಂಜೆ ಹೋಗ್ಲಿ."

ಈ ಮಾತನ್ನೇ ದೊಡ್ಡ ಸುದ್ದಿಯೆಂಬಂತೆ ಹೊತ್ತು ಚಿಕ್ಕಣ್ಣ ಒಂದು ದಿನದ ರಜೆ ಬೇಡಿ ಕಡವು ದಾಟಿದ. ಮಧ್ಯಾಹ್ನದ ಹೊತ್ತಿಗೆ ಒಂದು ಹೊಗೆಸೊಪ್ಪಿನ ಹೊಲದಲ್ಲಿ ಕಾಳಿ ಸಿಕ್ಕಳು. ಜೊತೆಗೆ ಸಣ್ಣಮ್ಮ ಇದ್ದಳು. ಮಗಳು ಅವನನ್ನು ಕಂಡು ಎದ್ದು ಬೇರೆ ಸಾಲಿಗೆ ಹೋದಳು. ಅವನು ಬದುವಿನ ಮೇಲೆ ಕೂತು ಕೊಯ್ಲಿನ ಕೆಲಸದ ವಿಷಯ ಹೇಳಿದ. ಕಾಳಿ ಕಳೆ ಕೀಳುತ್ತಲೇ ಇದ್ದಳು. ಮಾತು ಮುಗಿದ ಮೇಲೂ ಅವನು ಕೂತೇ ಇದ್ದ, ಬಯ್ದರೂ ಸಾಕು ಎಂದು.

ಅವಳು ಬಯ್ಯಲಿಲ್ಲ. ಸಾಲಿನ ತುದಿ ಮುಟ್ಟಿ ಸೊಂಟ ನೆಟ್ಟಗೆ ಮಾಡಿಕೊಂಡಾಗ, ಯಾರೋ ದಾರಿಹೋಕನಿಗೆ ಹೇಳುವಂತೆ, "ಹೊತ್ತಾಯ್ತು. ಕಡವಿನ ತೋಣಿ ಸಿಗಲ್ಲ, ಹೋಗಿ" ಎಂದಳು. ಮೂವತ್ತು ವರ್ಷದಲ್ಲಿ ಅವಳು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಪೇಟೆಯ ಜನವನ್ನು ಅವಳು ಹಾಗೆ ಕರೆಯುತ್ತಿದ್ದಳು.

ಚಿಕ್ಕಣ್ಣ ತೋಣಿಗೆ ಬಂದ. ಮರುದಿನ ಪಂಚಾಯ್ತಿಯ ಆಳುಗಳ ಜೊತೆ ಕಾಫಿ ಗುಂಡಿ ತೋಡಲು ನಿಂತ. ಗುಡಿಸಲುಗಳು ಎಲ್ಲೆಲ್ಲಿದ್ದವು, ಮುದುಕರು ಎಲ್ಲೆಲ್ಲಿ ಮಲಗಿದ್ದಾರೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಗೂಟ ಹೊಡೆದ ಕಡೆಯೇ ತೋಡಬೇಕೆಂದು ಮೇಸ್ತ್ರಿ ಹೇಳಿದ. ಅವನು ಗೂಟ ಹೊಡೆದ ಕಡೆಯೇ ತೋಡಿದ.