ಹೊಸ್ತಿಲ ಮೇಲಿನ ಹೆಸರು

ಲಿಂಗಸುಗೂರಿನ ಅದಾಲತ್ತಿನಲ್ಲಿ ತರ್ಜುಮೆಯ ಕೆಲಸ ಮಾಡುತ್ತಿದ್ದ ದಸ್ತಗೀರ್‌ಸಾಬರಿಗೆ ಮಾತೆಂದರೆ ಪಂಕ್ತಿಯ ಊಟವಿದ್ದಂತೆ. ಯಾರು ಮೊದಲು ಕೂಡಬೇಕು, ಯಾರು ನಡುವೆ, ಯಾರು ಕೊನೆಗೆ ಎಂಬುದಕ್ಕೆ ಒಂದು ರೀತಿ ರಿವಾಜು ಇರಬೇಕು. ಕನ್ನಡದ ಪಂಕ್ತಿಯಲ್ಲಿ ಮಾಡಿದವನು ಮೊದಲು, ಮಾಡಿದ ಕೆಲಸ ಕೊನೆಗೆ. ಉರ್ದುವಿನಲ್ಲೂ ಹಾಗೇ, ತೆಲುಗಿನಲ್ಲೂ ಹಾಗೇ. ಇಂಗ್ಲಿಷಿನ ಪಂಕ್ತಿಯನ್ನೂ ಅವರು ಕಂಡಿದ್ದರು, ಯಾಕೆಂದರೆ ಹರೆಯದಲ್ಲಿ ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಕೆಲಸಕ್ಕಿದ್ದರು. "ಅವರದು ತಿಂದೆ ಅನ್ನೋದು ಮೊದಲ, ರೊಟ್ಟಿ ಆಮ್ಯಾಲ. ಉಣ್ಣೋ ಮಂದೀಗೆ ಇಷ್ಟು ಅವಸರ ಇರಬಾರದಪ್ಪಾ" ಎಂದು ಚಹದಂಗಡಿಯಲ್ಲಿ ಕೂತು ಹೇಳಿ ಹತ್ತು ಮಂದಿಯನ್ನು ನಗಿಸುತ್ತಿದ್ದರು.

ಕನ್ನಡಕ್ಕೂ ಉರ್ದುವಿಗೂ ಪಂಕ್ತಿ ಒಂದೇ ಆದರೂ ಮನೆತನ ಬೇರೆ. ಉರ್ದುವಿನಲ್ಲಿ ಕುರ್ಚಿ ಹೆಣ್ಣು, ಪಲಂಗು ಗಂಡು. ಗಂಡಸು ಗಂಜಿ ಕುಡಿದರೂ ಗಂಜಿ ಹೆಣ್ಣಾದ್ದರಿಂದ ಕುಡಿದದ್ದು ಹೆಣ್ಣಾಗಿಬಿಡುತ್ತದೆ. ಕನ್ನಡಕ್ಕೆ ಈ ತಾಪತ್ರಯವಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ಕನ್ನಡಕ್ಕೆ ಇನ್ನೊಂದು ಚಾಳಿ ಇದೆ. ಗಂಡನ ಮಾತು ಬಂದಾಗ ಪಂಕ್ತಿಯ ಮೊದಲ ಮಣೆಯನ್ನು ಖಾಲಿ ಬಿಟ್ಟೇ ಮಾತಾಡುತ್ತಾರೆ. "ಹೊಲಕ್ಕ ಹೋಗ್ಯಾರ್ರಿ", "ಉಂಡು ಮಲಗ್ಯಾರ್ರಿ". ಯಾರು ಎಂದು ಕೇಳಿದವನೇ ದಡ್ಡ.

ಹಳೆಯ ಮುನ್ಸಿಫರಿದ್ದಾಗ ದಸ್ತಗೀರ್‌ಸಾಬರು ಆ ಖಾಲಿ ಮಣೆಯ ಮೇಲೆ ತಾವೇ ಹೆಸರನ್ನು ಕೂಡಿಸಿ ಉರ್ದುವಿನಲ್ಲಿ ಹೇಳಿಬಿಡುತ್ತಿದ್ದರು. ನಿಜಾಮರ ಲೆಕ್ಕದ ಫಸಲಿ ಸಾವಿರದ ಮುನ್ನೂರ ನಲವತ್ತರ ಸುಮಾರಿಗೆ ಲಖನೌ ಕಡೆಯ ಹೊಸ ಮುನ್ಸಿಫರು ಬಂದರು ನೋಡಿ, ಅಲ್ಲಿಗೆ ಆ ಸುಖ ಮುಗಿಯಿತು. ಮೊದಲ ದಿನವೇ ಅವರು, "ನಿಮ್ಮ ದಖನಿ ಉರ್ದುವಿನಲ್ಲಿ, ಮಾಡಿದವನಿಗೆ ಹತ್ತಬೇಕಾದ 'ನೇ' ಎಲ್ಲಿ ಹೋಯಿತು?" ಎಂದು ತಮ್ಮ ನುಣ್ಣನೆಯ ಉರ್ದುವಿನಲ್ಲಿ ಕೇಳಿದರು. ಅದನ್ನು ಸಹಿಸಬಹುದಿತ್ತು. ಎರಡನೆಯ ಮಾತು ಎದೆಗೆ ತಾಗಿತು. "ಬೇರೊಂದು ಊರಿನಲ್ಲಿ ತರ್ಜುಮೆಯವನು ತನ್ನದೊಂದು ಮಾತು ಸೇರಿಸಿದ್ದಕ್ಕೆ ತಪ್ಪಿಲ್ಲದವನು ಜೇಲಿಗೆ ಹೋದ. ನೀವು ಆಡದ ಮಾತೊಂದನ್ನು ಸೇರಿಸಿದರೆ ಆ ದಿನವೇ ಮನೆಗೆ ನಡೆಯಿರಿ."

ಇಂಥ ಹೊತ್ತಿನಲ್ಲಿ ಮುಕ್ಕುಂದದ ಗದ್ದೆಮ್ಮ ಸಾಕ್ಷಿ ಹೇಳಲು ಬಂದಳು.

ಆಕೆಯ ಗಂಡ ದುರುಗಪ್ಪನ ಮೇಲೆ ಎತ್ತು ಕದ್ದ ಆರೋಪ. ಸಾಲಗುಂದದ ಗೌಡರ ದನದ ಮನೆಯಿಂದ ಒಂದು ಶುಕ್ರವಾರ ರಾತ್ರಿ ಜೋಡಿ ಎತ್ತು ಮಾಯವಾಗಿದ್ದವು. ಅದಕ್ಕೆ ಮುಂಚೆ ದುರುಗಪ್ಪ ಗೌಡರ ಹೊಲದಲ್ಲಿ ಜಗಳವಾಡಿ ಕೆಲಸ ಬಿಟ್ಟಿದ್ದ. ಅಷ್ಟು ಸಾಕಾಯಿತು, ಹಿಡಿದು ತಂದರು. ನಿಜಕ್ಕೂ ಅವನು ಆ ರಾತ್ರಿ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಅವನ ತಾಯಿ ಮುದುಕಮ್ಮ ಅಂದು ಮಸ್ಕಿಗೆ ಮಗಳ ಮನೆಗೆ ಹೋಗಿದ್ದಳು, ಅಣ್ಣ ಹೊಲ ಕಾಯಲು ಹೋಗಿದ್ದ. ಕಂಡವಳು ಹೆಂಡತಿ ಒಬ್ಬಳೇ. ಆಕೆಯ ಮಾತು ನಿಂತರೆ ಗಂಡ ಮನೆಗೆ, ಬಿದ್ದರೆ ರಾಯಚೂರು ಜೇಲಿಗೆ.

ಗದ್ದೆಮ್ಮ ಪ್ರಮಾಣ ಮಾಡಿದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತ ಹೇಳಿದಳು: "ಮನ್ಯಾಗ ಇದ್ರುರೀ. ಜ್ವರ ಬಂದಿತ್ತು. ಗಂಜಿ ಕುಡುದು ಮಲಗಿದ್ರು. ಕೋಳಿ ಕೂಗೂತನ ಎದ್ದಿಲ್ಲರೀ."

ದಸ್ತಗೀರ್‌ಸಾಬರು ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಉರ್ದುವಿನಲ್ಲಿ ಇಳಿಸಿದರು. ಮುನ್ಸಿಫರು ಕೇಳಿದ್ದು ಒಂದೇ ಮಾತು. "ಯಾರು?"

"ನಮ್ಮನ್ಯಾರ್ರೀ" ಎಂದಳು ಗದ್ದೆಮ್ಮ.

ಗೌಡರ ವಕೀಲ ಎದ್ದು ನಿಂತ. ಈತ ಇದೇ ಸೀಮೆಯವನು, ಕನ್ನಡ ಉರ್ದು ಎರಡೂ ಬಲ್ಲವನು, ಹೆಣ್ಣುಮಕ್ಕಳ ಚಾಳಿಯನ್ನು ಇನ್ನೂ ಚೆನ್ನಾಗಿ ಬಲ್ಲವನು. "ಹುಜೂರ್, 'ಮನೆಯವರು' ಎಂದರೆ ಯಾರೂ ಆಗಬಹುದು. ಆ ಮನೆಯಲ್ಲಿ ಗಂಡಸರು ಇಬ್ಬರು. ದುರುಗಪ್ಪ ಮತ್ತು ಅವನ ಅಣ್ಣ ಬಾಲಪ್ಪ. ಜ್ವರ ಯಾರಿಗೆ ಬಂದಿತ್ತೋ ಯಾರಿಗೆ ಗೊತ್ತು? ಪ್ರಮಾಣ ಮಾಡಿದ ಬಾಯಿಂದ ಹೆಸರು ಬರಲಿ. ಬರುವುದಿಲ್ಲ. ಸುಳ್ಳಿಗೆ ನಾಲಿಗೆ ಹೆದರುತ್ತದೆ."

ಹೊರಗೆ ಪಡಸಾಲೆಯಲ್ಲಿದ್ದ ಮುದುಕಮ್ಮ ಕೂಗಿಯೇಬಿಟ್ಟಳು. "ದುರುಗಪ್ಪ ಅಂತರೀ ಅವನ ಹೆಸರು! ಹೆತ್ತಾಕಿ ನಾನು, ಹೆಸರಿಟ್ಟಾಕಿ ನಾನು! ಲೇ ವಕೀಲ, ನಿನ್ನ ಹೇಂತಿ ನಿನ್ನ ಹೆಸರು ಹಿಡುದು ಕರೀತಾಳೇನಲೇ?"

ಜವಾನ ಆಕೆಯನ್ನು ಸುಮ್ಮನಾಗಿಸಿದ. ಗದ್ದೆಮ್ಮ ಕಟಕಟೆಯ ಆಚೆ ನಿಂತಿದ್ದ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. ಮುನ್ಸಿಫರು ತಲೆ ಅಲ್ಲಾಡಿಸಿದರು. ಕಾಗದಕ್ಕೆ ಸನ್ನೆ ಕಾಣುವುದಿಲ್ಲ, ಹಿಂದೊಮ್ಮೆ ಹಾಗೆ ಬರೆದು ಕಳಿಸಿದ ಕಾಗದ ರಾಯಚೂರಿನ ಮೇಲಿನ ಅದಾಲತ್ತಿನಿಂದ ವಾಪಸು ಬಂದಿತ್ತು.

"ಹೆಸರು ಹೇಳವ್ವಾ" ಎಂದರು ದಸ್ತಗೀರ್‌ಸಾಬರು, ಮುನ್ಸಿಫರ ಮಾತನ್ನು ಕನ್ನಡಕ್ಕೆ ತಂದು.

"ಹೆಂಗ ಹೇಳಲ್ರೀ ಸಾಹೇಬ್ರ?" ಗದ್ದೆಮ್ಮನ ಕಣ್ಣು ತುಂಬಿದವು. "ಹೆಸರು ಹಿಡುದ್ರ ಆಯುಷ್ಯ ಕಡಿಮಿ ಆಕೈತಿ. ಮೊದಲ ಕೈಗೆ ಕೋಳ ಬಿದ್ದೈತಿ. ಅದರ ಮ್ಯಾಲ ನಾನೂ ಒಂದು ಕಲ್ಲು ಹೇರ್ಲ್ಯಾ?"

ಹೇಳಿದರೆ ಆಯುಷ್ಯ, ಹೇಳದಿದ್ದರೆ ಜೇಲು. ಅತ್ತ ದರಿ, ಇತ್ತ ಪುಲಿ. ದಸ್ತಗೀರ್‌ಸಾಬರ ನಾಲಿಗೆಯ ತುದಿಗೆ ಆ ನಾಲ್ಕಕ್ಷರ ಬಂದು ಕೂತವು. ಹಿಂದಿನ ಕಾಲವಾಗಿದ್ದರೆ ಎಂದೋ ಹೇಳಿ ಮುಗಿಸಿರುತ್ತಿದ್ದರು. ಈಗ ವಕೀಲ ಕಣ್ಣು ಕೀಲಿಸಿ ಅವರ ತುಟಿಯನ್ನೇ ನೋಡುತ್ತಿದ್ದ. ಅವರು ಆಕೆಯ ಮಾತನ್ನಷ್ಟೇ ಉರ್ದುವಿಗೆ ತಂದರು.

ಮುನ್ಸಿಫರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸುತ್ತ ಹೇಳಿದರು. "ನನ್ನ ತಾಯಿಯೂ ನನ್ನ ತಂದೆಯ ಹೆಸರನ್ನು ಸಾಯುವವರೆಗೆ ಆಡಲಿಲ್ಲ. ಆದರೆ ಕಾನೂನಿಗೆ ತಾಯಿ ಇಲ್ಲ. ಮಧ್ಯಾಹ್ನದ ನಮಾಜು ಮುಗಿಯಲಿ. ಆಮೇಲೂ ಹೆಸರು ಬರದಿದ್ದರೆ ಈ ಸಾಕ್ಷಿಯನ್ನು ಬಿಟ್ಟು ಮುಂದಿನದು ಬರೆಯುತ್ತೇನೆ."

ನಮಾಜು ಮುಗಿಸಿ ದಸ್ತಗೀರ್‌ಸಾಬರು ಊಟಕ್ಕೆ ಮನೆಗೆ ಬಂದರು. ಅವರ ಮನೆಯಲ್ಲಿ ಮಾತು ದಖನಿಯಲ್ಲಿ ಶುರುವಾಗುತ್ತಿತ್ತು, ಜಗಳಕ್ಕೆ ತಿರುಗಿದ ಕೂಡಲೇ ಕನ್ನಡವಾಗುತ್ತಿತ್ತು. ಅಂದು ನೇರ ಕನ್ನಡದಲ್ಲೇ ಶುರುವಾಯಿತು.

"ಒಂದು ಹೆಸರು ಹೇಳಾಕ ಏನು ಧಾಡಿ ಆಕಿಗೆ? ಗಂಡ ಜೇಲಿಗೆ ಹೊಂಟಾನ!" ಎಂದು ರೊಟ್ಟಿ ಮುರಿದರು.

ಹೆಂಡತಿ ರಹೀಮಾಬೀ ಪಲ್ಯ ಬಡಿಸುತ್ತಿದ್ದ ಕೈಯನ್ನು ನಿಲ್ಲಿಸಿದಳು. "ಮದಿವ್ಯಾಗಿ ಇಷ್ಟು ವರ್ಷ ಆತು. ನಿಮ್ಮ ಹೆಸರು ನಾ ಎಷ್ಟು ಸಲ ಹಿಡುದೀನಿ?"

ದಸ್ತಗೀರ್‌ಸಾಬರು ನೆನಪಿಸಿಕೊಂಡರು. "ಒಂದ ಸಲ."

"ಎಲ್ಲಿ?"

"ಮಸ್ಕ್ಯಾಗ. ನಮ್ಮ ಮನಿ ಬಾಗಲದಾಗ."

"ಯಾರು ಕೇಳಿದ್ರು? ನೀವು ಕೇಳಿದ್ರೇನು?"

ಕೇಳಿದ್ದು ಪಕ್ಕದ ಮನೆಯ ಕಸ್ತೂರೆಮ್ಮ. ಹೊಸ ಸೊಸೆ ಒಳಗೆ ಬರುವಾಗ ಕೈ ಅಡ್ಡ ಚಾಚಿ, ಒಡಪು ಹೇಳದೆ ಬಿಡೆನೆಂದು ನಿಂತಿದ್ದಳು. ಸಾಬರ ಮನೆಯೋ ಲಿಂಗಾಯತರ ಮನೆಯೋ ಎಂದು ಆಕೆ ಲೆಕ್ಕ ಇಡುತ್ತಿರಲಿಲ್ಲ. ಸಂಪಿಗೆಯೋ ಮಲ್ಲಿಗೆಯೋ ಏನೇನೋ ಪ್ರಾಸ ಕಟ್ಟಿ, ಅದರ ಕೊನೆಗೆ ಗಂಡನ ಹೆಸರನ್ನಿಟ್ಟು, ನಾಚಿಕೊಂಡು ರಹೀಮಾಬೀ ಒಳಗೆ ಓಡಿದ್ದಳು.

"ಬರೇ ಹೆಸರು ಕರದ್ರ ಕರದಂಗ. ಒಡಪಿನಾಗ ಇಟ್ರ ಹರಸಿದಂಗ" ಎಂದಳು ರಹೀಮಾಬೀ. "ನೀವು ಗಂಡಸರು ಕಟ್ಟಿ ಮ್ಯಾಲ ಕುಂತು ಹೆಸರೇನು ಹೆಸರೇನು ಅಂದ್ರ ಯಾವಾಕಿ ಹೇಳ್ಯಾಳು? ಕೇಳೋರು ಕೇಳಬೇಕು, ಕೇಳೋ ಜಾಗದಾಗ ಕೇಳಬೇಕು."

ದಸ್ತಗೀರ್‌ಸಾಬರು ಅರ್ಧ ರೊಟ್ಟಿಗೇ ಕೈ ತೊಳೆದರು. ಉಣ್ಣುವ ಮಂದಿಗೆ ಅವಸರ ಇರಬಾರದು ಎಂದವರು ಅವರೇ.

ದಾರಿಯಲ್ಲಿ ಅವರಿಗೆ ಭಯವಾಯಿತು. ಸಾಕ್ಷಿಗೆ ಗುಟ್ಟಾಗಿ ಉಪಾಯ ಹೇಳಿಕೊಟ್ಟರೆ ಅದೂ ತಮ್ಮ ಮಾತನ್ನು ಸೇರಿಸಿದ ಹಾಗೆಯೇ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಆದರೆ ಗದ್ದೆಮ್ಮನ ತುಂಬಿದ ಕಣ್ಣು ಮರೆಯುವಂತಿರಲಿಲ್ಲ. ಕೇಳುವುದಾದರೆ ಎಲ್ಲರೆದುರೇ ಕೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡರು.

ಮುನ್ಸಿಫರು ಬಂದು ಕೂತ ಕೂಡಲೇ ದಸ್ತಗೀರ್‌ಸಾಬರು ಕೈಮುಗಿದರು. "ಹುಜೂರ್, ಒಂದು ಅರಿಕೆ. ಹೆಸರು ಹೇಳಲು ಈಕೆಗೆ ಅಡ್ಡಿಯಿಲ್ಲ. ಕೇಳಲು ನಮಗೆ ಹಕ್ಕಿಲ್ಲ. ಈ ನಾಡಿನಲ್ಲಿ ಗಂಡನ ಹೆಸರನ್ನು ಕೇಳುವವರು ಹೆಂಗಸರು, ಹೇಳುವ ಜಾಗ ಹೊಸ್ತಿಲು, ಹೇಳುವ ಮಾತು ಪದ್ಯ. ಆಕೆಯ ಅತ್ತೆ ಕೇಳಲಿ. ಬಂದ ಮಾತನ್ನು ನಾನು ಇದ್ದ ಹಾಗೆ ಇಡುತ್ತೇನೆ."

"ಇದು ಅದಾಲತ್ತೋ ಮದುವೆ ಮನೆಯೋ?" ವಕೀಲ ಹಾರಿಬಿದ್ದ.

ಮುನ್ಸಿಫರು ಬಾಗಿಲ ಕಡೆ ನೋಡಿದರು. "ಹೊಸ್ತಿಲು ಅದಾಲತ್ತಿನ ಒಳಗೋ, ಹೊರಗೋ?"

"ಅರ್ಧ ಒಳಗೆ, ಅರ್ಧ ಹೊರಗೆ, ಹುಜೂರ್."

"ಹಾಗಾದರೆ ಹೇಳುವವಳ ಬಾಯಿ ಒಳಗಿನ ಅರ್ಧದಲ್ಲಿರಲಿ" ಎಂದರು ಮುನ್ಸಿಫರು. ಅವರ ಮೀಸೆಯ ಕೆಳಗೆ ನಗು ಇತ್ತೆಂದು ಜವಾನ ಆಮೇಲೆ ಆಣೆ ಮಾಡಿ ಹೇಳುತ್ತಿದ್ದ. ದಸ್ತಗೀರ್‌ಸಾಬರಿಗೆ ಅರ್ಧ ಜೀವ ಬಂದಂತಾಯಿತು.

ಮುದುಕಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗಡೆಯಿಂದ ಬಾಗಿಲ ಎರಡೂ ಚೌಕಟ್ಟಿಗೆ ಕೈ ಹಚ್ಚಿ ನಿಂತುಬಿಟ್ಟಳು. ಅವ್ವನ ಆ ಭಂಗಿ ಕಂಡು ಕೈಕೋಳದ ದುರುಗಪ್ಪನೂ ತಲೆ ತಗ್ಗಿಸಿ ನಕ್ಕ. ಎಷ್ಟೋ ದಿನಕ್ಕೆ ಬಂದ ನಗು ಅದು.

"ಒಡಪು ಹೇಳಿ ಒಳಗ ಬಾ" ಎಂದಳು ಮುದುಕಮ್ಮ. "ಸುಮ್ಮ ಬಿಡೋ ಅತ್ತಿ ಅಲ್ಲ ನಾನು."

ಗದ್ದೆಮ್ಮ ಹೊರಗಿನಿಂದ ಬಂದು ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು. ಅತ್ತೆಯ ಮುಖ ನೋಡಿದಳು. ಅತ್ತ ಸೊಸೆಯ ಕಣ್ಣು ಇನ್ನೂ ಕೆಂಪಗಿದ್ದವು, ಆದರೂ ಸೆರಗಿನ ತುದಿ ಬಾಯಿಗೆ ಹೋಯಿತು. ನಾಚಿಕೆ ಬಂತೆಂದರೆ ಧೈರ್ಯವೂ ಬಂತೆಂದೇ ಅರ್ಥ. ಸ್ವಲ್ಪ ಹೊತ್ತು ತುಟಿಯಲ್ಲೇ ಮಾತು ಹೆಣೆದು, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳತೊಡಗಿದಳು.

"ಶುಕ್ರವಾರ ಸಂಜೀಕ ಹಚ್ಚಿದ್ದೆ ದೀಪ,
ಜ್ವರಕ್ಕ ಮೈಯೆಲ್ಲ ಒಲಿಯಂಥ ತಾಪ,
ಗಂಜಿ ಕುಡುದು, ಕೋಳಿ ಕೂಗೂತನ,
ಕಂಬಳ್ಯಾಗ ಇದ್ದವರು ನಮ್ಮ..."

ಅಲ್ಲಿ ನಿಲ್ಲಿಸಿದಳು. ನಿಲ್ಲಿಸುವುದೇ ಪದ್ಧತಿ. ದಸ್ತಗೀರ್‌ಸಾಬರು ಒಂದೊಂದು ಸಾಲನ್ನೂ ಉರ್ದುವಿಗೆ ಇಳಿಸುತ್ತ ಬಂದಿದ್ದರು, ಕೊನೆಯ ಸಾಲಿನಲ್ಲಿ ಅವರೂ 'ಹಮಾರೇ' ಎಂದು ಬಾಯಿ ತೆರೆದು ನಿಂತರು. ಎಷ್ಟೋ ವರ್ಷದ ಕೆಲಸದಲ್ಲಿ ಮಾತಿನ ಕೊನೆಗಾಗಿ ಅವರು ಹೀಗೆ ಕಾದದ್ದಿಲ್ಲ. ಮೊದಲ ಮಣೆ ಖಾಲಿಯೇ ಇತ್ತು. ಕೂಡಬೇಕಾದವನು ಪಂಕ್ತಿಯ ತುದಿಗೆ ಬಂದು ನಿಂತಿದ್ದ.

"ನಮ್ಮ ಯಾರಬೇ?" ಮುದುಕಮ್ಮ ಗದರಿದಳು.

"ನಮ್ಮ ದುರುಗಪ್ಪ!" ಎಂದಳು ಗದ್ದೆಮ್ಮ. ಎಂದವಳೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತೆಯ ತೋಳಿನಡಿ ನುಸುಳಿ ಒಳಗೆ ಓಡಿಬಂದಳು.

"ಗಂಜಿ ಪೀಕರ್, ಮುರ್ಗೇ ಕೀ ಬಾಂಗ್ ತಕ್, ಕಂಬಲ್ ಮೇಂ ಥೇ ಹಮಾರೇ ದುರುಗಪ್ಪ" ಎಂದರು ದಸ್ತಗೀರ್‌ಸಾಬರು. ಯಾರ ಮಣೆಯನ್ನೂ ಸರಿಸಬೇಕಾಗಲಿಲ್ಲ, ಯಾರನ್ನೂ ಹೊಸದಾಗಿ ಕೂಡಿಸಬೇಕಾಗಲಿಲ್ಲ. ಕನ್ನಡದ ಸಾಲು ಹೇಗೆ ಕೂತಿತ್ತೋ ಹಾಗೆಯೇ ಎದ್ದು ಉರ್ದುವಿನಲ್ಲಿ ಹೋಗಿ ಕೂತಿತು. ಅಲ್ಲಾಹ್, ನಿನ್ನ ದೊಡ್ಡ ಮೆಹರಬಾನಿ ಎಂದು ಮನಸ್ಸಿನಲ್ಲೇ ಹೇಳಿಕೊಂಡರು.

ಪಡಸಾಲೆಯಲ್ಲಿದ್ದ ಮಂದಿ ನಕ್ಕರು. ಮುದುಕಮ್ಮ ಎರಡೂ ಕೈಯಿಂದ ಸೊಸೆಯ ದೃಷ್ಟಿ ತೆಗೆದು, ಬೆರಳ ನೆಟಿಗೆ ಮುರಿದಳು.

"ಪದ್ಯವನ್ನು ಸಾಕ್ಷಿ ಎನ್ನಲಾಗದು, ಹುಜೂರ್" ಎಂದ ವಕೀಲ. ದನಿಯಲ್ಲಿ ಮೊದಲಿನ ಕಾವಿರಲಿಲ್ಲ.

"ಪ್ರಮಾಣ ಮಾಡಿದ ಬಾಯಿಂದ ಹೆಸರು ಬರಲಿ ಎಂದಿರಿ. ಬಂತು. ಪ್ರಾಸ ಇರಬಾರದು ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ" ಎಂದರು ಮುನ್ಸಿಫರು. ಶುಕ್ರವಾರ, ಜ್ವರ, ಗಂಜಿ, ಕೋಳಿ, ಹೆಸರು, ಎಲ್ಲವನ್ನೂ ಬರೆಸಿದರು. ಗೌಡರ ಕಡೆಯಿಂದ ದುರುಗಪ್ಪನನ್ನು ಆ ರಾತ್ರಿ ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಯಾರೂ ಇರಲಿಲ್ಲ, ಇದ್ದದ್ದು ಹಳೆಯ ಜಗಳ ಮಾತ್ರ. ಜಗಳಕ್ಕೆ ಕೈಕಾಲಿಲ್ಲ, ಅದು ಎತ್ತು ಹೊಡೆದುಕೊಂಡು ಹೋಗುವುದಿಲ್ಲ ಎಂದು ಹೇಳಿ, ಬಿಡುಗಡೆ ಎಂದರು.

ಕೋಳ ಬಿಚ್ಚಿದರು. ದುರುಗಪ್ಪ ಮಣಿಕಟ್ಟು ತಿಕ್ಕಿಕೊಳ್ಳುತ್ತ, ಎಲ್ಲಿ ಮತ್ತೆ ಕರೆದಾರೋ ಎಂಬಂತೆ ನಿಧಾನಕ್ಕೆ ಬಾಗಿಲ ಕಡೆ ನಡೆದ. ಗದ್ದೆಮ್ಮ ಆಗಲೇ ಹೊರಗೆ ಅತ್ತೆಯ ಪಕ್ಕ ನಿಂತಿದ್ದಳು. ಸೆರಗು ಮತ್ತೆ ಹಣೆಗೆ ಬಂದಿತ್ತು. ಗಂಡ ಹೊಸ್ತಿಲು ದಾಟಿದ್ದನ್ನು ಓರೆಗಣ್ಣಿನಿಂದ ನೋಡಿ, ಅತ್ತೆಯ ಕಿವಿಯಲ್ಲಿ ಹೇಳಿದಳು.

"ಬಂದ್ರು ನೋಡ್ರಿ."

"ಏನೆಂದಳು?" ಮುನ್ಸಿಫರು ತಮ್ಮ ಕುರ್ಚಿಯಿಂದಲೇ ಕೇಳಿದರು.

"ಬಂದರು ಎಂದಳು, ಹುಜೂರ್."

ಮುನ್ಸಿಫರು ತಲೆಯಾಡಿಸಿ ಲೇಖನಿ ಕೆಳಗಿಟ್ಟರು. ಯಾರು ಎಂದು ಕೇಳಲಿಲ್ಲ.